ತೊಳೆದ ತುಪ್ಪ, ಹೆಸರು ಹಿಟ್ಟು ಮತ್ತು ಧಾರವಾಡದ ಚಳಿ

ದೀಪಾವಳಿ ಮುಗಿದು ಗಾಳಿ ಒಣಗಿತೆಂದರೆ ನನ್ನ ಮೊಣಕಾಲ ಕೆಳಗಿನ ಚರ್ಮ ಬಿರಿಯಲು ಶುರು. ಉಗುರು ತಾಗಿದರೆ ಬಿಳಿ ಗೆರೆ, ಕಪ್ಪು ಲೆಗ್ಗಿಂಗ್ಸ್ ಬಿಚ್ಚಿದರೆ ಒಳಗೆಲ್ಲ ಬಿಳಿ ಪುಡಿ. ಶಿವರಾತ್ರಿವರೆಗೂ ಇದೇ ಕಥೆ. ಧಾರವಾಡದಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಮಾರು ವರ್ಷಗಳಿಂದ ಅಡುಗೆಮನೆ ಸಾಮಾನಿನಲ್ಲೇ ಇದನ್ನು ನಿಭಾಯಿಸುತ್ತಿದ್ದೇನೆ. ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬಚ್ಚಲಿನ ವಿಷಯ. ಚಳಿ ಅಂತ ಸುಡುಸುಡು ನೀರು ಹೊಯ್ದುಕೊಂಡು, ಮೈಯೆಲ್ಲ ಸೋಪು ತಿಕ್ಕಿ, ಇರೋ ಜಿಡ್ಡನ್ನೆಲ್ಲ ತೊಳೆದುಬಿಟ್ಟು ಆಮೇಲೆ ಬಾಳೆಹಣ್ಣು ಕಿವುಚಿ ಮೆತ್ತಿಕೊಂಡರೆ ಏನು ಬಂತು? ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ. ನಮ್ಮ ಚರ್ಮದ ಪಿಎಚ್ 5ರ ಆಸುಪಾಸು, ಮಾಮೂಲಿ ಸೋಪಿನದು 9ರಿಂದ 10. ಆ ಕ್ಷಾರಕ್ಕೆ ಚರ್ಮ ಇನ್ನಷ್ಟು ಒಣಗುತ್ತೆ. ಹಾಗಾಗಿ ಚಳಿಗಾಲದಲ್ಲಿ ನನಗೆ ಉಗುರುಬೆಚ್ಚಗಿನ ನೀರೇ. ಸೋಪು ಕಂಕುಳಿಗೆ, ಪಾದಕ್ಕೆ, ಬೆವರುವ ಜಾಗಕ್ಕೆ ಮಾತ್ರ.

ಕೈಕಾಲಿಗೆ ಹೆಸರು ಹಿಟ್ಟು. ಹೆಸರುಬೇಳೆಯನ್ನು ಮಿಕ್ಸಿಗೆ ಹಾಕಿ, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳುತ್ತೇನೆ. ಈ ಸೋಸುವ ಕೆಲಸಕ್ಕೆ ಸೋಮಾರಿತನ ಬೇಡ, ತರಿ ಉಳಿದರೆ ಬಿರಿದ ಚರ್ಮ ಇನ್ನಷ್ಟು ಗೀರುತ್ತದೆ. ಎರಡು ಚಮಚ ಹಿಟ್ಟಿಗೆ ಒಂದು ಚಮಚ ಹಾಲಿನ ಕೆನೆ, ಕಲಸಲು ಬೇಕಾದಷ್ಟು ಹಾಲು. ಹಚ್ಚಿ, ಮೆಲ್ಲಗೆ ಸವರಿ, ಹಸಿ ಇರುವಾಗಲೇ ತೊಳೆಯಬೇಕು. ಪೂರ್ತಿ ಒಣಗಿ ಬಿಗಿಯಾಗೋವರೆಗೂ ಕೂರೋದು ಎಣ್ಣೆ ಚರ್ಮದವರಿಗೆ ಸರಿ, ನಮಗಲ್ಲ. ಮೈ ತುರಿಸುವ ದಿನ ಹೆಸರು ಹಿಟ್ಟೂ ಬೇಡ, ಓಟ್ಸನ್ನು ನುಣ್ಣಗೆ ಪುಡಿ ಮಾಡಿ ಬಕೆಟ್ ನೀರಿಗೆ ಕಲಸಿ ಕೊನೆಗೆ ಮೈಮೇಲೆ ಹೊಯ್ದುಕೊಂಡರೆ ಸಾಕು. ಇದು ಬರೀ ಮನೆಮದ್ದೂ ಅಲ್ಲ. ನುಣ್ಣಗೆ ಪುಡಿ ಮಾಡಿದ ಓಟ್ಸನ್ನು ಚರ್ಮ ಕಾಪಾಡುವ ವಸ್ತು ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲೇ ಒಪ್ಪಿದೆ. ನೆಲ ಮಾತ್ರ ಜಾರುತ್ತೆ, ಹುಷಾರು.

ಇನ್ನು ತುಪ್ಪ. ನಿಜ ಹೇಳಬೇಕೆಂದರೆ ಈ ಬರಹವೇ ಅದಕ್ಕಾಗಿ.

ಆಯುರ್ವೇದದಲ್ಲಿ ಶತಧೌತ ಘೃತ ಅಂತಾರಲ್ಲ, ಅದೇ, ನೂರು ಸಲ ತೊಳೆದ ತುಪ್ಪ. ನಮ್ಮ ಅತ್ತೆಗೆ ಮೊದಲು ಒಂಚೂರೂ ಹಿಡಿಸಿರಲಿಲ್ಲ. "ತಿನ್ನೋ ತುಪ್ಪ ಕಾಲಿಗೆ ಹಚ್ಚಾಕತ್ತೀಯೇನವ್ವಾ!" ಅಂದಿದ್ದರು. ಈಗ ಡಬ್ಬಿ ಅವರ ಮಂಚದ ಪಕ್ಕದಲ್ಲೇ ಇರುತ್ತೆ.

ತಾಮ್ರದ ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ತೊಳೆದು ಒರೆಸಿ. ಮೂರು-ನಾಲ್ಕು ಚಮಚ ಗಟ್ಟಿ ತುಪ್ಪ ಹಾಕಿ, ಎರಡು ಚಮಚ ಕುಡಿಯುವ ತಣ್ಣೀರು ಬಿಡಿ. ಅಂಗೈಯಿಂದಲೋ ಸಣ್ಣ ಬಟ್ಟಲಿನ ತಳದಿಂದಲೋ ಒಂದೇ ದಿಕ್ಕಿಗೆ ತಿರುವಿ. ಮೊದಮೊದಲು ನೀರು ಒಂದು ಕಡೆ, ತುಪ್ಪ ಒಂದು ಕಡೆ, ಎರಡಕ್ಕೂ ಮಾತುಕತೆಯೇ ಇಲ್ಲ. ನೀರು ಮಬ್ಬಾದಾಗ ಬಗ್ಗಿಸಿ ಚೆಲ್ಲಿ, ಹೊಸ ನೀರು ಹಾಕಿ. ಹೀಗೇ ತೊಳೆಯುತ್ತಾ ಹೋದರೆ ಹಳದಿ ಬಣ್ಣ ತಿಳಿಯಾಗುತ್ತೆ, ಹರಳು ಹರಳು ಮಾಯವಾಗುತ್ತೆ, ತುಪ್ಪ ನೀರನ್ನು ಒಳಗೆ ಹಿಡಿದುಕೊಂಡು ಉಬ್ಬಿ ಆಗಷ್ಟೇ ಕಡೆದ ಬೆಣ್ಣೆಯ ಹಾಗಾಗುತ್ತೆ. ವಾಸನೆಯೂ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ತೋಳು ನೋಯುತ್ತೆ, ಅದರಲ್ಲಿ ಅನುಮಾನ ಬೇಡ. ಟಿವಿ ಮುಂದೆ ಕೂತು ಮಾಡುವ ಕೆಲಸ ಇದು. ನೂರು ಲೆಕ್ಕ ಹಾಕುತ್ತಾ ಕೂರಲ್ಲ ನಾನು, ಬೆಳ್ಳಗೆ, ಹಗುರವಾದರೆ ಮುಗಿಯಿತು. ತಾಮ್ರದ ತಟ್ಟೆ ಇಲ್ಲದಿದ್ದರೆ ಸ್ಟೀಲ್ ತಟ್ಟೆಯಲ್ಲೂ ಆಗುತ್ತೆ. ಕೊನೆಯ ನೀರನ್ನು ಚೆನ್ನಾಗಿ ಬಸಿದು ಗಾಜಿನ ಡಬ್ಬಿಗೆ ತುಂಬಿ, ಕಿಲುಬು ಹಿಡಿಯುತ್ತೆ, ತಾಮ್ರದಲ್ಲೇ ಬಿಡಬೇಡಿ. ಒಳಗೆ ನೀರಿರುವ ಕಾರಣ ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಡಿ. ಜಿಡ್ಡು ವಾಸನೆ ಬಂತೋ, ಎಸೆಯಿರಿ.

ಹಚ್ಚೋದು ಯಾವಾಗ ಅನ್ನೋದೇ ಮುಖ್ಯ. ಸ್ನಾನ ಮುಗಿಸಿ ಟವೆಲ್‌ನಿಂದ ಒತ್ತಿಕೊಂಡು, ಮೈ ಇನ್ನೂ ತೇವ ಇರುವಾಗಲೇ, ಎರಡು-ಮೂರು ನಿಮಿಷದೊಳಗೆ. ಎಣ್ಣೆ, ತುಪ್ಪ ಚರ್ಮಕ್ಕೆ ಹೊಸದಾಗಿ ನೀರು ತಂದುಕೊಡುವುದಿಲ್ಲ, ಇರೋ ನೀರು ಹಾರಿಹೋಗದಂತೆ ತಡೆಯುತ್ತವೆ ಅಷ್ಟೇ. ಒಣ ಕಾಲಿಗೆ ಎಷ್ಟು ಸುರಿದರೂ ಹಾಸಿಗೆ ಜಿಡ್ಡಾಗುತ್ತದೆ, ಚರ್ಮ ಹಾಗೇ ಇರುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ಕಾಲು ನೆನೆಸಿ, ಒರೆಸಿ, ತುಪ್ಪ ಹಚ್ಚಿ ಹತ್ತಿಯ ಸಾಕ್ಸ್ ಹಾಕಿಕೊಂಡು ಮಲಗುತ್ತೇನೆ. ಸಕ್ಕರೆ ಕಾಯಿಲೆ ಇರುವವರು, ಹಿಮ್ಮಡಿ ಬಿರಿದು ರಕ್ತ ಬರುತ್ತಿರುವವರು ಮಾತ್ರ ಈ ಪ್ರಯೋಗಕ್ಕೆಲ್ಲ ಹೋಗದೆ ಸೀದಾ ಡಾಕ್ಟರ್ ಹತ್ತಿರ ಹೋಗಿ.

ನಿಂಬೆಹಣ್ಣನ್ನು ಮಾತ್ರ ಮುಖಕ್ಕೆ ಹಚ್ಚಲೇಬೇಡಿ, ಯಾರು ಹೇಳಿದರೂ ಸರಿ. ಅದರ ಪಿಎಚ್ 2ರ ಹತ್ತಿರ, ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು, ಕಪ್ಪು ಕಲೆಯೂ ಉಳಿಯಬಹುದು. ಅಡುಗೆ ಸೋಡಾವೂ ಬೇಡ. ಅರಿಶಿನ ಚಿಟಿಕೆಯಷ್ಟು ಪರವಾಗಿಲ್ಲ, ಆದರೆ ಒಣ ಚರ್ಮಕ್ಕೆ ಅದರಿಂದ ದೊಡ್ಡ ಉಪಕಾರ ನನಗೇನೂ ಕಂಡಿಲ್ಲ, ದಿಂಬಿನ ಕವರ್ ಮಾತ್ರ ಹಳದಿಯಾಯಿತು. ಕೊಬ್ಬರಿ ಎಣ್ಣೆ ಕೈಕಾಲಿಗೆ ಚೆನ್ನ, ಮೊಡವೆ ಬರುವ ಮುಖಕ್ಕೆ ಬೇಡ. ನನ್ನ ಮಗಳಿಗೆ ಹಣೆ ತುಂಬಾ ಗುಳ್ಳೆ ಎದ್ದವು, ನನಗೆ ಏನೂ ಆಗಲ್ಲ. ಅದಕ್ಕೇ ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಚರ್ಮದ ಅಲರ್ಜಿ ಇರುವ ಕೂಸುಗಳಿಗೆ ಕಡಲೆಕಾಯಿ ಎಣ್ಣೆ, ಹಾಲು, ಹಿಟ್ಟು ಯಾವುದನ್ನೂ ಸುಮ್ನೆ ಹಚ್ಚಬೇಡಿ, ಒಡೆದ ಚರ್ಮದ ಮೂಲಕವೇ ಆ ಆಹಾರದ ಅಲರ್ಜಿ ಶುರುವಾಗುವ ಸಾಧ್ಯತೆ ಇದೆ.

ಹೋಳಿ ಹುಣ್ಣಿಮೆ ಹತ್ತಿರವಾಗುತ್ತಿದ್ದಂತೆ ತುಪ್ಪ ತೊಳೆಯೋದು ನಿಲ್ಲಿಸುತ್ತೇನೆ. ಆ ಸೆಕೆಗೆ ಅದು ಕರಗಿ ನೀರು ಬಿಟ್ಟುಕೊಳ್ಳುತ್ತದೆ, ಮೈಗೂ ಅಂಟಂಟು. ಬೇಸಿಗೆಗೆ ಸ್ನಾನದ ನಂತರ ಒದ್ದೆ ಕೈಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡರೆ ನನಗೆ ಸಾಕಾಗುತ್ತದೆ.