ಬಯಲಿನಲ್ಲಿ ಒಪೆರಾ: ಸ್ಥಳೀಯ ಗಾಯಕರೊಂದಿಗೆ ನನ್ನ ಅನುಭವ

ಬಯಲಿನಲ್ಲಿ ಒಪೆರಾ, ಅಂದರೆ ಪಾಶ್ಚಾತ್ಯ ಗೀತನಾಟಕದ ಹಾಡುಗಳನ್ನು, ಹಾಡಿಸಬೇಕೆಂದರೆ ಹೆಸರಾಂತ ಗಾಯಕರೊಬ್ಬರಾದರೂ ಇರಬೇಕು, ಭಾರೀ ಧ್ವನಿವರ್ಧಕಗಳಿರಬೇಕು, ಇವೆರಡೂ ಇಲ್ಲದವರು ಆ ಗೊಡವೆಗೇ ಹೋಗಬಾರದು ಎಂಬ ಮಾತು ನಮ್ಮ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಇದನ್ನು ನನ್ನ ಎದುರಿಗೇ ಹೇಳಿದವರಲ್ಲಿ ನನಗಿಂತ ಹೆಚ್ಚು ಓದಿದವರೂ, ನನಗಿಂತ ಹೆಚ್ಚು ವೇದಿಕೆಗಳನ್ನು ಕಂಡವರೂ ಇದ್ದರು. ಈ ಸಲದ ನಮ್ಮ ಉಚಿತ ಕಾರ್ಯಕ್ರಮದಲ್ಲಿ ಹಾಡಿದವರೆಲ್ಲರೂ ಸ್ಥಳೀಯರೇ. ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರೇ ಅವರಲ್ಲಿ ಹೆಚ್ಚು. ವೇದಿಕೆಯಿಂದ ಸುಮಾರು 60 ಮೀಟರ್ ದೂರದಲ್ಲಿ ಕುಳಿತವರಿಗೂ ವ್ಯಂಜನಗಳು ಬಿಡಿಬಿಡಿಯಾಗಿ ಕೇಳಿಸಿದವು, ಕೊನೆಯ ಹಾಡಿನ ಹೊತ್ತಿಗೆ ಯಾರೊಬ್ಬರ ಗಂಟಲೂ ಕಟ್ಟಿರಲಿಲ್ಲ. ಹೇಗೆ ಮಾಡಿದಿರಿ ಎಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಿಕ್ಸರ್ (ಮೈಕುಗಳ ದನಿಗಳನ್ನು ಬೆರೆಸಿ ಹದಗೊಳಿಸುವ ಯಂತ್ರ), ಮಾನಿಟರ್ (ಹಾಡುಗರಿಗೇ ಕೇಳಿಸಲೆಂದು ಇಡುವ ಸ್ಪೀಕರ್), ಡಿಲೇ (ಸ್ಪೀಕರಿಗೆ ಹೋಗುವ ಸದ್ದನ್ನು ಬೇಕೆಂದೇ ತುಸು ತಡಮಾಡುವುದು) ಎಂಬ ಮಾತುಗಳು ತಿಳಿದಿದ್ದರೆ ಸಾಕು.

ಮೊದಲ ಪ್ರಯತ್ನಗಳಲ್ಲಿ ನಮ್ಮ ಹಣದ ಬಹುಪಾಲು ಸಭೆಯ ಕಡೆಗೆ ಮುಖ ಮಾಡಿದ ದೊಡ್ಡ ಸ್ಪೀಕರುಗಳ ಬಾಡಿಗೆಗೇ ಹೋಗುತ್ತಿತ್ತು. ಅಷ್ಟು ಸುರಿದರೂ ಫಲ ಪ್ರತಿ ಸಲವೂ ಒಂದೇ ಆಗಿರುತ್ತಿತ್ತು. ಮೊದಲ ಎರಡು ಆರಿಯಾಗಳು, ಅಂದರೆ ಒಬ್ಬರೇ ಹಾಡುವ ಹಾಡುಗಳು, ಚೆನ್ನಾಗಿಯೇ ಸಾಗುತ್ತಿದ್ದವು. ಮೂರನೆಯದರಲ್ಲಿ ಶ್ರುತಿ ಮೇಲಕ್ಕೆ ಜಾರುತ್ತಿತ್ತು, ಕಂಪನ ಅಗಲವಾಗುತ್ತಿತ್ತು, ಐದನೆಯದರ ವೇಳೆಗೆ ಟೆನರ್ (ಎತ್ತರದ ಗಂಡುದನಿಯ ಗಾಯಕ) ಬೆವರೊರೆಸಿಕೊಳ್ಳುತ್ತಾ ನೀರು ಕೇಳುತ್ತಿದ್ದರು. ಸೌಂಡ್‌ನವರು ಮಟ್ಟ ಏರಿಸಿದರು, ನಾವು ಇನ್ನೂ ದೊಡ್ಡ ಪೆಟ್ಟಿಗೆಗಳನ್ನು ತರಿಸಿದೆವು, ಬಿಗಿದ ಗಂಟಲಿನ ದನಿ ಇನ್ನಷ್ಟು ಜೋರಾಗಿ ಕೇಳಿಸಿತು, ಅಷ್ಟೇ. ಸಭಾಂಗಣದಲ್ಲಿ ಹಾಡಿ ಪಳಗಿದವರಿಗೆ ಗೋಡೆಗಳಿಂದ ಮರಳಿ ಬರುವ ತಮ್ಮ ದನಿಯೇ ಅಳತೆಗೋಲು. ಬಯಲಿನಲ್ಲಿ ಅದು ಮರಳಿ ಬರುವುದಿಲ್ಲ. ತನ್ನ ದನಿ ಹೊರಗೆ ಹೋಗುತ್ತಿಲ್ಲವೆಂದು ಭಾವಿಸಿದ ಗಾಯಕ ದಬ್ಬಲು ತೊಡಗುತ್ತಾನೆ. ದಬ್ಬಿದೊಡನೆ, ವಾದ್ಯಗಳ ಸದ್ದನ್ನು ಸೀಳಿಕೊಂಡು ಹೋಗಲೆಂದು ವರ್ಷಗಟ್ಟಲೆ ಸಾಧಿಸಿದ, ಸುಮಾರು 3000 ಹರ್ಟ್ಜ್ ಆಸುಪಾಸಿನ ಆ ಹೊಳಪೇ ಮಾಸಿಹೋಗುತ್ತದೆ. ಆದ್ದರಿಂದ ಹಣವನ್ನು ಕೇಳುಗರ ಕಿವಿಗಿಂತ ಮೊದಲು ಹಾಡುಗರ ಕಿವಿಗೆ ಖರ್ಚು ಮಾಡಬೇಕೆಂದು ತೀರ್ಮಾನಿಸಿದೆ. ಎಲ್ಲರೂ ನಕ್ಕದ್ದು ಈ ತೀರ್ಮಾನಕ್ಕೇ. ಇಟಲಿಯ ವೆರೋನಾದಲ್ಲಿ 1913ರಿಂದ ಬಯಲಿನಲ್ಲೇ ಒಪೆರಾ ನಡೆಯುತ್ತಿಲ್ಲವೇ, ಅಲ್ಲಿ ಯಾರು ಗಾಯಕರ ಕಿವಿಯ ಚಿಂತೆ ಮಾಡಿದರು ಎಂದು ಒಬ್ಬರು ಕೇಳಿದರು. ಅದು ರೋಮನ್ನರು ಕಟ್ಟಿದ ಕಲ್ಲಿನ ಅರೇನಾ, ಸುತ್ತಲೂ ಮೆಟ್ಟಿಲುಗಳು ದನಿಯನ್ನು ಹಿಡಿದು ಹಿಂದಿರುಗಿಸುತ್ತವೆ, ನಮ್ಮದು ನಾಲ್ಕೂ ಕಡೆ ತೆರೆದ ಹುಲ್ಲುಮೈದಾನ ಎಂದು ಉತ್ತರಿಸಿದೆ.

ಮೊದಲು ಹೋದದ್ದು ಬಟ್ಟೆಯ ಹಿನ್ನೆಲೆ ಪರದೆ. ನೋಡಲು ಎಷ್ಟೇ ಅಂದವಾಗಿದ್ದರೂ ಅದು ಸದ್ದನ್ನು ಹಿಂದಿರುಗಿಸುವುದಿಲ್ಲ. ಗಾಳಿಗೆ ಪಟಪಟನೆ ಬಡಿದು ಮೈಕಿಗೂ ಕಾಟ ಕೊಡುತ್ತದೆ. ಅದರ ಬದಲು 12 ಮಿಲಿಮೀಟರ್ ದಪ್ಪದ, ಅಂಗಡಿಯಲ್ಲಿ ಸಿಗುವ ಪೂರ್ಣ ಅಳತೆಯ ಪ್ಲೈವುಡ್ ಹಲಗೆಗಳನ್ನು ಮರದ ಚೌಕಟ್ಟಿಗೆ ಬಿಗಿದು, ಗಾಯಕರ ಹಿಂದೆ ಎರಡು ಮೀಟರ್ ಅಂತರದಲ್ಲಿ ಆಳವಿಲ್ಲದ ಕಮಾನಿನಂತೆ ನಿಲ್ಲಿಸಿದೆವು. ತುದಿಯ ಹಲಗೆಗಳು ಒಳಮುಖವಾಗಿ ತಿರುಗಿರಬೇಕು, ಮೇಲ್ಭಾಗ ತುಸು ಮುಂದಕ್ಕೆ ಬಾಗಿರಬೇಕು. ಎಷ್ಟು ಬಾಗಿರಬೇಕು ಎಂಬುದನ್ನು ಕಂಡುಕೊಳ್ಳಲು ನಮಗೆ ಒಂದಿಡೀ ಬೇಸಿಗೆ ಬೇಕಾಯಿತು, ಆ ಕೋನವನ್ನು ಇಲ್ಲಿ ಬರೆಯುವುದಿಲ್ಲ. ಗಾಳಿಯ ವಿಷಯದಲ್ಲಿ ಮಾತ್ರ ಏನನ್ನೂ ಬಚ್ಚಿಡುವುದು ಸರಿಯಲ್ಲ. ಪಕ್ಕಪಕ್ಕದ ಹಲಗೆಗಳ ನಡುವೆ ಒಂದು ಗೇಣು ಸಂದು ಬಿಡದಿದ್ದರೆ ಇಡೀ ಸಾಲು ಹಡಗಿನ ಹಾಯಿಯಂತೆ ಗಾಳಿ ತುಂಬಿಕೊಂಡು ಮುಗ್ಗರಿಸುತ್ತದೆ. ಒಂದು ತಾಲೀಮಿನಲ್ಲಿ ಹೀಗೆ ಮುಗ್ಗರಿಸಿದ ಹಲಗೆಯೊಂದು ಪಿಯಾನೊದ ಬೆಂಚಿನ ಮೇಲೆ ಬಿತ್ತು; ವಾದಕಿ ನೀರು ಕುಡಿಯಲು ಎದ್ದು ಹೋಗಿದ್ದರಿಂದ ಬಚಾವಾದರು. ಅಂದಿನಿಂದ ಪ್ರತಿ ಕಾಲಿಗೂ ಎರಡೆರಡು ಮರಳಿನ ಚೀಲ, ಹಿಂದಿನಿಂದ ಓರೆಗಂಬ, ಗಾಳಿ ಜೋರಾದರೆ ಹಲಗೆಗಳನ್ನು ನೆಲಕ್ಕೆ ಮಲಗಿಸಲು ಇಬ್ಬರು ಆಳುಗಳು ಎಂಬುದು ಕಡ್ಡಾಯವಾಯಿತು.

ಹಲಗೆಗಳಿಂದ ಬರುವ ಮರುದನಿ ಬೇಗ ಬರುತ್ತದೆ, ಬೇಗ ಮುಗಿಯುತ್ತದೆ. ಸಭಾಂಗಣದ ಆ ಉದ್ದನೆಯ ಬಾಲ ಅದಕ್ಕಿಲ್ಲ. ಅದನ್ನು ತುಂಬಲು ವೇದಿಕೆಯ ಎರಡೂ ಬದಿಗಳಲ್ಲಿ, ತಲೆಗಿಂತ ತುಸು ಎತ್ತರದಲ್ಲಿ, ಚಿಕ್ಕ ಮಾನಿಟರುಗಳನ್ನಿಟ್ಟು ಅವುಗಳಲ್ಲಿ ಗಾಯಕರ ನೇರ ದನಿಯನ್ನು ಬಿಡದೆ ರಿವರ್ಬ್, ಅಂದರೆ ಕೋಣೆಯ ಮರುದನಿಯಂತೆ ಯಂತ್ರದಿಂದ ಸೃಷ್ಟಿಸಿದ ಅನುರಣನ, ಮಾತ್ರ ಬಿಟ್ಟೆವು. ನೇರ ದನಿ ಮಾನಿಟರಿನಿಂದ ಬಂದರೆ ಗಾಯಕರು ಅದನ್ನೇ ಆಲಿಸುತ್ತಾ ಸಣ್ಣದಾಗಿ ಹಾಡತೊಡಗುತ್ತಾರೆ. ಬರೀ ರಿವರ್ಬ್ ಬಂದರೆ ತಾವು ಒಂದು ಕೋಣೆಯೊಳಗಿದ್ದೇವೆಂದು ನಂಬುತ್ತಾರೆ. ಮಟ್ಟ ಎಷ್ಟಿರಬೇಕೆಂದರೆ, ಅದು ಇದೆಯೆಂದು ಗಾಯಕರಿಗೆ ತಿಳಿಯಬಾರದು, ತೆಗೆದೊಡನೆ ಏನೋ ಕಳೆದುಹೋಯಿತೆಂದು ಹುಡುಕಬೇಕು. ನಮ್ಮ ಮೆಟ್ಸೊ (ನಡುಮಟ್ಟದ ಹೆಣ್ಣುದನಿ) ಗಾಯಕಿ ಇದನ್ನು ಖಡಾಖಂಡಿತವಾಗಿ ವಿರೋಧಿಸುತ್ತಿದ್ದರು. ತಾಲೀಮಿನ ನಡುವೆ ಹೇಳದೆ ಕೇಳದೆ ಅದನ್ನು ನಿಲ್ಲಿಸಿದಾಗ ಅವರು ಅರ್ಧ ಸಾಲಿನಲ್ಲೇ ಹಾಡು ನಿಲ್ಲಿಸಿ, "ಸರ್, ಏನೋ ಕೆಟ್ಟುಹೋಯಿತು, ನೋಡಿ" ಎಂದರು. ಅದರ ನಂತರ ಚರ್ಚೆಯೇ ಉಳಿಯಲಿಲ್ಲ. ರಿವರ್ಬಿನ ಉದ್ದವನ್ನು ಹಾಡಿನಿಂದ ಹಾಡಿಗೆ ಬದಲಿಸುತ್ತೇವೆ; ಯಾವುದಕ್ಕೆ ಎಷ್ಟು ಎಂಬುದು ನಮ್ಮ ಮಿಕ್ಸರಿನೊಳಗೇ ಇರಲಿ.

ಈ ನಡುವೆ ಕಿವಿಯೊಳಗಿನ ಮಾನಿಟರುಗಳನ್ನೂ ಪರೀಕ್ಷಿಸಿದೆವು. ಬೇರೆ ಬಗೆಯ ಸಂಗೀತದಲ್ಲಿ ಅವು ಉಪಯುಕ್ತ ನಿಜ. ಒಪೆರಾ ಗಾಯಕರಿಗೆ ಮಾತ್ರ ಕಿವಿ ಮುಚ್ಚಿದೊಡನೆ ತಲೆಬುರುಡೆಯೊಳಗಿನ ಗುಂಯ್ ಸದ್ದೇ ದೊಡ್ಡದಾಗಿ ಕೇಳಿಸಿ ಶ್ರುತಿ ಇಳಿಯಿತು. ಬ್ಯಾರಿಟೋನ್ (ನಡುಮಟ್ಟದ ಗಂಡುದನಿಯ ಗಾಯಕ) ಎರಡನೆಯ ಚರಣಕ್ಕೇ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಆ ಬಾಡಿಗೆ ದಂಡವಾಯಿತು.

ಸಭೆಯ ಕಡೆಗೆ ಎರಡು ದೊಡ್ಡ ಗೋಪುರಗಳ ಬದಲು ಚಿಕ್ಕ ಸ್ಪೀಕರುಗಳನ್ನು ಮೂರು ಸಾಲಾಗಿ ಹಂಚಿದೆವು. ಬಯಲಿನಲ್ಲಿ ದೂರ ಎರಡರಷ್ಟಾದಾಗ ಸದ್ದು ಸುಮಾರು 6 ಡೆಸಿಬಲ್ ಕುಗ್ಗುತ್ತದೆ. ಹಿಂದಿನವರಿಗೆ ಕೇಳಿಸಬೇಕೆಂದು ಮುಂದಿನವರ ಕಿವಿಗೆ ಹೊಡೆಯುವುದರಲ್ಲಿ ಅರ್ಥವಿಲ್ಲ. ವೇದಿಕೆಯ ಸದ್ದು ಹಿಂದಿನ ಸಾಲನ್ನು ತಲುಪಲು ಹಿಡಿಯುವಷ್ಟು ಹೊತ್ತು ಅಲ್ಲಿನ ಸ್ಪೀಕರುಗಳಿಗೂ ಡಿಲೇ ಕೊಡಬೇಕು: 30 ಮೀಟರಿನ ಸಾಲಿಗೆ 88 ಮಿಲಿಸೆಕೆಂಡ್ ಆಸುಪಾಸು, ಅದರ ಮೇಲೆ ಇನ್ನೂ 10ರಿಂದ 15 ಸೇರಿಸಿದರೆ ಸದ್ದು ಪಕ್ಕದ ಪೆಟ್ಟಿಗೆಯಿಂದ ಬರುತ್ತಿದೆ ಎನ್ನಿಸದೆ ಗಾಯಕರ ಬಾಯಿಂದಲೇ ಬಂದಂತೆ ತೋರುತ್ತದೆ. ರಾತ್ರಿ ತಂಪಾದಂತೆ ಸದ್ದಿನ ವೇಗ ಇಳಿಯುತ್ತದಲ್ಲ, ಆಗಾಗ ತಿದ್ದಬೇಡವೇ ಎಂದು ಮಿಕ್ಸರಿನ ಬಳಿ ಕುಳಿತ ಹುಡುಗ ಚಿಂತಿಸುತ್ತಿದ್ದ. ಹತ್ತು ಡಿಗ್ರಿ ಇಳಿದರೂ ಆ ದೂರಕ್ಕೆ ಎರಡು ಮಿಲಿಸೆಕೆಂಡ್ ವ್ಯತ್ಯಾಸ ಬಾರದು, ಅದನ್ನು ಬಿಟ್ಟು ಜೋಡಿಗಾಯನದಲ್ಲಿ ಇಬ್ಬರೂ ಎದುರುಬದುರು ನಿಂತಾಗ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಹೊಕ್ಕು ಪೊಳ್ಳಾಗುವುದನ್ನು ನೋಡಿಕೊ ಎಂದೆ. ಮೈಕನ್ನು ಹಣೆಯ ಮೇಲೆ ಕೂದಲಿನ ಅಂಚಿಗೆ ಅಂಟಿಸುತ್ತೇವೆ. ಎದೆಯ ಮೇಲಿನ ಮೈಕ್ ಗಲ್ಲದ ಕೆಳಗಿನ ಮಂದ ಸದ್ದನ್ನೇ ಹೆಚ್ಚಾಗಿ ಹಿಡಿಯುತ್ತದೆ.

ಹೊತ್ತಿನ ಆಯ್ಕೆಗೆ ಯಾರೂ ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ. ಬಿಸಿಲಿನಲ್ಲಿ ಕಾದ ನೆಲದ ಮೇಲಿನ ಗಾಳಿ ಸದ್ದನ್ನು ಮೇಲಕ್ಕೆ ಬಾಗಿಸುತ್ತದೆ. ಸೂರ್ಯ ಮುಳುಗಿ ನೆಲ ತಣ್ಣಗಾದ ಮೇಲೆ ಅದೇ ಸದ್ದು ನೆಲದತ್ತ ಬಾಗುತ್ತದೆ. ಸಂಜೆ ಐದಕ್ಕೆ ಧ್ವನಿಪರೀಕ್ಷೆ ಮುಗಿಸಿ ಮನೆಗೆ ಹೋದವರು ರಾತ್ರಿ ಎಂಟಕ್ಕೆ ಬೇರೆಯೇ ಮೈದಾನಕ್ಕೆ ಬರುತ್ತಾರೆ. ಆದುದರಿಂದ ನಮ್ಮ ಕೊನೆಯ ತಾಲೀಮು ಹಿಂದಿನ ದಿನ ಅದೇ ಹೊತ್ತಿಗೆ ನಡೆಯುತ್ತದೆ. ಇದಕ್ಕೆ ಒಂದು ದಿನದ ಬಾಡಿಗೆ ಹೆಚ್ಚು ತೆರಬೇಕು, ನಾನು ಆ ಹಣಕ್ಕೆ ಎಂದೂ ಕೊಸರಾಡುವುದಿಲ್ಲ.

ಹಾಡುಗಳ ಆಯ್ಕೆಯಲ್ಲಿ ಎತ್ತರದ ಸ್ವರಗಳಿಗೆ ಹೆದರುವವರನ್ನು ನೋಡಿದ್ದೇನೆ. ಬಯಲಿನಲ್ಲಿ ಅಪಾಯವಿರುವುದು ಮೆಲ್ಲನೆಯ ಸ್ವರಗಳಲ್ಲಿ. ವೆರ್ಡಿಯ 'ನಬುಕ್ಕೊ' ಒಪೆರಾದ ಗುಲಾಮರ ಮೇಳದಲ್ಲಿ ಬಹುಮಟ್ಟಿಗೆ ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ ಹಾಡುವುದರಿಂದ ಅದು ಹವ್ಯಾಸಿ ಮೇಳಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಅದು ಆರಂಭವಾಗುವುದೇ ಪಿಸುದನಿಯಲ್ಲಿ. ಅದನ್ನು ಮೊದಲಿಗಿಟ್ಟರೆ ಸಭೆ ಇನ್ನೂ ಕುಳಿತುಕೊಳ್ಳುತ್ತಿರುವಾಗಲೇ ಅರ್ಧ ಹಾಡು ಹೋಗುತ್ತದೆ. ಗಾಳಿ ನಿಂತ ಮೇಲೆ, ಕಾರ್ಯಕ್ರಮದ ಮುಕ್ಕಾಲು ಭಾಗ ಕಳೆದ ಮೇಲೆ ಅದಕ್ಕೆ ಸ್ಥಾನ. ಆರಂಭಕ್ಕೆ ಬಿಜೆಯ 'ಕಾರ್ಮೆನ್' ಒಪೆರಾದ ಹಬನೇರಾ ಎಂಬ ಹಾಡನ್ನು ಇಟ್ಟೆವು, ಮೆಟ್ಸೊಗೆ ಹಿತವಾದ ವಿಸ್ತಾರದೊಳಗೇ ಇರುತ್ತದೆ, ನಡುವೆ ಮೇಳವೂ ಸೇರುವುದರಿಂದ ಎಲ್ಲರ ನಡುಕ ಒಮ್ಮೆಗೇ ಇಳಿಯುತ್ತದೆ. ಶಾಸ್ತ್ರೀಯ ತರಬೇತಿ ಕಡಿಮೆಯಿದ್ದ ಒಬ್ಬರಿಗೆ ಮೊತ್ಸಾರ್ಟ್‌ನ 'ಮಾಂತ್ರಿಕ ಕೊಳಲು' ಒಪೆರಾದ ಹಕ್ಕಿಬೇಟೆಗಾರ ಪಾಪಗೇನೋನ ಹಾಡುಗಳನ್ನು ಕೊಟ್ಟೆ. 1791ರಲ್ಲಿ ಆ ಪಾತ್ರವನ್ನು ಮೊದಲು ಹಾಡಿದ ಶಿಕಾನೇಡರ್ ಮುಖ್ಯವಾಗಿ ರಂಗನಟ, ಆದ್ದರಿಂದ ಹಾಡುಗಳು ನಟನ ಗಂಟಲಿಗೆ ಒಗ್ಗುವಂತಿವೆ. ನಮ್ಮ ಕಾರ್ಯಕ್ರಮದ ಅತಿ ದೊಡ್ಡ ಚಪ್ಪಾಳೆ ಗಿಟ್ಟಿಸಿದ್ದೂ ಅದನ್ನು ಹಾಡಿದ ನಮ್ಮವರೇ, ಸೊಪ್ರಾನೊಗೆ (ಎತ್ತರದ ಹೆಣ್ಣುದನಿಯ ಗಾಯಕಿಗೆ) ಅದು ಇಷ್ಟವಾಗಲಿಲ್ಲ. ಮುಕ್ತಾಯಕ್ಕೆ ವೆರ್ಡಿಯದೇ 'ಲಾ ತ್ರಾವಿಯಾತಾ'ದ ಪಾನಗೀತೆ. ಒಟ್ಟು ಒಂದು ಗಂಟೆ ಹತ್ತು ನಿಮಿಷ, ವಿರಾಮವಿಲ್ಲ. ಉಚಿತ ಕಾರ್ಯಕ್ರಮದಲ್ಲಿ ವಿರಾಮ ಕೊಟ್ಟರೆ ಮೂರರಲ್ಲೊಂದು ಪಾಲು ಜನ ಎದ್ದು ಹೋಗುತ್ತಾರೆ, ಹೋದವರು ಮರಳುವುದಿಲ್ಲ. ಪ್ರತಿ ಹಾಡಿಗೂ ಮುನ್ನ ನಿರೂಪಕಿ ಕಥೆಯನ್ನು ಎರಡು ವಾಕ್ಯಗಳಲ್ಲಿ ಹೇಳುತ್ತಾರೆ, ಮೂರನೆಯ ವಾಕ್ಯಕ್ಕೆ ಅನುಮತಿಯಿಲ್ಲ.

ವಾದ್ಯಗಳ ವಿಷಯದಲ್ಲಿ ತುಸು ಅಡ್ಡದಾರಿ ಹಿಡಿದೆ. ತಂಪೇರಿದಂತೆ ಕೊಳಲು, ಕ್ಲಾರಿನೆಟ್‌ಗಳ ಶ್ರುತಿ ಇಳಿಯುತ್ತದೆ, ಪಿಟೀಲಿನ ತಂತಿ ಬಿಗಿದು ಏರುತ್ತದೆ, ನಡುವೆ ಸಿಕ್ಕಿದ ಗಾಯಕರು ಯಾರನ್ನು ನಂಬುವುದೆಂದು ತಿಳಿಯದೆ ಒದ್ದಾಡುತ್ತಾರೆ. ಹೀಗಾಗಿ ಊದುವಾದ್ಯಗಳನ್ನೇ ಕೈಬಿಟ್ಟು, ಡಿಜಿಟಲ್ ಪಿಯಾನೊ, ಐದು ತಂತಿವಾದ್ಯ, ಜೊತೆಗೆ ಒಂದು ಅಕಾರ್ಡಿಯನ್ (ಎದೆಗೆ ತೂಗುಹಾಕಿ ನುಡಿಸುವ, ಹಾರ್ಮೋನಿಯಂನಂಥ ತಿದಿವಾದ್ಯ) ಇಟ್ಟುಕೊಂಡೆವು. ಅಕಾರ್ಡಿಯನ್ ಎಂದಾಗ ಮೂಗು ಮುರಿದವರೇ ಹೆಚ್ಚು. ಅದರ ಶ್ರುತಿ ಇಬ್ಬನಿಗೂ ಚಳಿಗೂ ಅಷ್ಟಾಗಿ ಜಗ್ಗದು, ಓಬೊ ಮತ್ತು ಕ್ಲಾರಿನೆಟ್ಟಿನ ಸಾಲುಗಳೆರಡನ್ನೂ ಒಬ್ಬರೇ ನುಡಿಸಬಹುದು, ಕತ್ತಲಲ್ಲಿ ಕುಳಿತ ಕೇಳುಗರಿಗೆ ವ್ಯತ್ಯಾಸ ಗೊತ್ತಾಗಿದ್ದರೆ ಯಾರಾದರೂ ಬಂದು ಹೇಳುತ್ತಿದ್ದರು. ಸ್ವರಲಿಪಿಯ ಪುಟಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಸಾಕು, ಆದರೆ ಪುಟ ತಿರುವಬೇಕಾದ ಜಾಗವನ್ನು ಮೊದಲೇ ನೋಡಿ ಎರಡೆರಡು ಹಾಳೆ ಅಂಟಿಸಿಕೊಳ್ಳಬೇಕು. ದೀಪಗಳು ಹಳದಿಯಾಗಿರಬೇಕು, ನೀಲಿ ಛಾಯೆಯ ಬಿಳಿ ದೀಪಕ್ಕೆ ಹುಳುಗಳು ಮುತ್ತುತ್ತವೆ. ಹಿಂದೊಮ್ಮೆ ಸೊಪ್ರಾನೊ ದೀರ್ಘ ಸ್ವರಕ್ಕೆ ಬಾಯಿ ತೆರೆದು ಉಸಿರೆಳೆದಾಗ ಹುಳುವೊಂದು ನೇರ ಒಳಗೆ ಹೋಯಿತು, ಅವರು ಅದನ್ನು ನುಂಗಿ ಸ್ವರವನ್ನು ಸರಿಯಾದ ತಾಳಕ್ಕೇ ಹಿಡಿದರು.

ಹಣದ ಲೆಕ್ಕವನ್ನು ನೆನಪಿನಿಂದಲೇ ಹೇಳುತ್ತೇನೆ. ಮೊದಲು ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಧ್ವನಿಯ ಬಾಡಿಗೆಗೆ ಹೋಗುತ್ತಿತ್ತು, ಈಗ ಮೂರನೇ ಒಂದು ಪಾಲಿಗಿಂತ ಕಡಿಮೆ. ಹಲಗೆಗಳನ್ನು ಮಾಡಿಸಲು ತಗುಲಿದ್ದು ದೊಡ್ಡ ಸ್ಪೀಕರುಗಳ ಒಂದು ಸಂಜೆಯ ಬಾಡಿಗೆಯಷ್ಟೇ. ಹಾಡುವವರಿಗೆಲ್ಲ ಸಮನಾದ ಸಣ್ಣ ಗೌರವಧನ ಕೊಡುತ್ತೇವೆ. ಸ್ಥಳೀಯರು ಪುಕ್ಕಟೆ ಹಾಡುತ್ತಾರೆಂದು ನಂಬಿ ಹೊರಟ ತಂಡಗಳಲ್ಲಿ ಮೂರನೆಯ ತಾಲೀಮಿನಿಂದಲೇ ಹಾಜರಿ ಇಳಿಯುವುದನ್ನು ಕಂಡಿದ್ದೇನೆ. ಎಲ್ಲ ತಾಲೀಮುಗಳಿಗೂ ಬರುವ ಪಿಯಾನೊ ವಾದಕಿಗೆ ಮಾತ್ರ ಅದರ ಎರಡರಷ್ಟು. ಹಕ್ಕುಸ್ವಾಮ್ಯದ ವಿಷಯದಲ್ಲಿ ವೆರ್ಡಿ, ಬಿಜೆ, ಮೊತ್ಸಾರ್ಟರ ಮೂಲಕೃತಿಗಳಿಗೆ ಕೊಡಬೇಕಾದದ್ದು ಏನೂ ಇಲ್ಲ, ಆದರೆ ಇತ್ತೀಚೆಗೆ ತಿದ್ದಿ ಸಂಪಾದಿಸಿ ಪ್ರಕಟಿಸಿದ ಪ್ರತಿಗಳಿಗೆ, ಹೊಸ ವಾದ್ಯಸಂಯೋಜನೆಗಳಿಗೆ ಪ್ರತ್ಯೇಕ ಹಕ್ಕು ಇರಬಹುದು. ಹಕ್ಕಿನ ಅವಧಿಯನ್ನು ಸಾಮಾನ್ಯವಾಗಿ ಕೃತಿಕಾರರು ತೀರಿಕೊಂಡ ವರ್ಷದಿಂದ ಎಣಿಸುವುದರಿಂದ, ಒಂದು ಕೃತಿಗೆ ಒಬ್ಬರಿಗಿಂತ ಹೆಚ್ಚು ಜನ ದುಡಿದಿದ್ದರೆ ಎಚ್ಚರ ಬೇಕು. ಸಂಗೀತಕಾರ ಪುಚ್ಚೀನಿ 1924ರಲ್ಲೇ ತೀರಿಕೊಂಡರೂ ಅವರ ಒಪೆರಾ 'ತುರಾಂದೋತ್' 1926ರವರೆಗೆ ವೇದಿಕೆಗೆ ಬರಲಿಲ್ಲ, ಅದನ್ನು ಪೂರ್ಣಗೊಳಿಸಿದ ಅಲ್ಫಾನೊ ಬದುಕಿದ್ದು 1954ರವರೆಗೆ. ಸಾಹಿತ್ಯ ಬರೆದವರ ಲೆಕ್ಕ ಬೇರೆ. ಹಳೆಯ ಮುದ್ರಣಗಳಿಂದ ನಾವೇ ವಾದ್ಯಭಾಗಗಳನ್ನು ಬರೆದುಕೊಂಡದ್ದರಿಂದ ಗಣನೀಯ ಮೊತ್ತ ಉಳಿಯಿತು. ಮಳೆ ಬಂದರೆಂದು ಸಭಾಂಗಣವೊಂದಕ್ಕೆ ಕಟ್ಟಿದ ಮುಂಗಡ ಈ ಸಲವೂ ಹಿಂದಿರುಗಲಿಲ್ಲ, ಮಳೆಯೂ ಬರಲಿಲ್ಲ.

ಕಾಣಿಕೆ ಪೆಟ್ಟಿಗೆಯನ್ನು ಹೊರಹೋಗುವ ದಾರಿಯಲ್ಲಿಡುತ್ತಿದ್ದಾಗ ಜನ ಗಡಿಬಿಡಿಯಲ್ಲಿ ದಾಟಿ ಹೋಗುತ್ತಿದ್ದರು. ಈ ಸಲ ಪಾನಗೀತೆಗೂ ಮುನ್ನ ಮೇಳದವರೇ ಪೆಟ್ಟಿಗೆ ಹಿಡಿದು ಸಭೆಯ ನಡುವೆ ನಡೆದರು, ಬಂದ ಹಣ ಹಿಂದಿನದರ ಸುಮಾರು ಮೂರು ಪಟ್ಟು. ಧ್ವನಿ ಬಾಡಿಗೆಯೂ ಪಿಯಾನೊ ವಾದಕಿಯ ಗೌರವಧನವೂ ಅದರಲ್ಲೇ ತೀರಿದವು. ಹಲಗೆಗಳನ್ನು ಈಗ ಬೇರೆ ತಂಡಗಳಿಗೆ ಬಾಡಿಗೆಗೆ ಕೊಡುತ್ತಿದ್ದೇವೆ. ಮೊದಲು ಕೇಳಿಕೊಂಡು ಬಂದವರು ವೆರೋನಾದ ಮಾತೆತ್ತಿದ ಆ ಹಿರಿಯರೇ. ಅವರಿಗೆ ರಿಯಾಯಿತಿ ಕೊಡಲಿಲ್ಲ, ಮರಳಿನ ಚೀಲಗಳನ್ನು ಮಾತ್ರ ಪುಕ್ಕಟೆಯಾಗಿ ಕಳುಹಿಸಿಕೊಟ್ಟೆ.