ಕವಿಗೋಷ್ಠಿಗೆ ಹೋಗುವಾಗ ನಾನು ಮಾಡಿಕೊಳ್ಳುವ ತಯಾರಿ

ಮಡಿಕೇರಿ ದಸರಾದಲ್ಲಿ ಬಹುಭಾಷಾ ಕವಿಗೋಷ್ಠಿ ಇರುತ್ತದೆ. ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ಹೀಗೆ ನಮ್ಮ ಜಿಲ್ಲೆಯ ಮನೆಗಳಲ್ಲಿ ಆಡುವ ಮಾತುಗಳೆಲ್ಲ ಒಂದೇ ವೇದಿಕೆಗೆ ಬರುತ್ತವೆ. ನಾನು ಅಲ್ಲಿ ಓದಿದ್ದೇನೆ, ತಾಲ್ಲೂಕು ಸಮ್ಮೇಳನಗಳಲ್ಲೂ ಓದಿದ್ದೇನೆ. ನಮ್ಮ ಮನೆಮಾತು ಅರೆಭಾಷೆ. ನಾನು ಬರೆಯುವುದು ಕನ್ನಡದಲ್ಲಿ. ಇಷ್ಟು ವರ್ಷ ಹೋಗಿ ಬಂದು ನನಗೆ ಖಾತ್ರಿಯಾದ ವಿಷಯ ಒಂದೇ. ಗೋಷ್ಠಿಯ ಕವಿತೆ ಕಿವಿಗೆ ಬರೆದದ್ದಾಗಿರಬೇಕು. ಎದುರಿಗೆ ಕೂತವರ ಕೈಯಲ್ಲಿ ಹಾಳೆ ಇರುವುದಿಲ್ಲ. ಒಂದು ಸಾಲು ತಪ್ಪಿಹೋದರೆ ಹಿಂದೆ ಹೋಗಿ ನೋಡಲು ಅವರಿಗೆ ಆಗುವುದಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ಕನ್ನಡ ಎರಡನೆಯ ಭಾಷೆ ಬೇರೆ.

ಕವಿತೆ ಕಳಿಸುವ ವಿಷಯ ಸುಲಭ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಸ್ವಂತದ್ದಾಗಿರಬೇಕು, ಎಲ್ಲೂ ಅಚ್ಚಾಗಿರಬಾರದು, ಇಂತಿಷ್ಟು ಸಾಲು ಮೀರಬಾರದು, ಇಂಥ ದಿನದೊಳಗೆ ತಲುಪಬೇಕು ಅಂತ ಇರುತ್ತದೆ. ಅದನ್ನು ಸರಿಯಾಗಿ ಓದಿ ಪಾಲಿಸಿದರೆ ಆಯಿತು. ಆಯ್ಕೆಯಾದರೆ ಫೋನ್ ಬರುತ್ತದೆ.

ಯಾವ ಕವಿತೆ ಕಳಿಸುವುದು ಅನ್ನುವುದೇ ದೊಡ್ಡ ಪ್ರಶ್ನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಕಾಲೂರು ಕಡೆ ಗುಡ್ಡ ಜಾರಿ ಮನೆಗಳು ಹೋದವು, ತೋಟಗಳು ಹೋದವು, ಜೀವಗಳೂ ಹೋದವು. ಅದಕ್ಕೆ ಮೊದಲು ನಮ್ಮ ಗೋಷ್ಠಿಗಳಲ್ಲಿ ಮಳೆ ಎಂದರೆ ಮಂಜು, ಹಸಿರು, ಕಾಫಿ ಹೂವು. ಆಮೇಲೆ ಹಾಗೆ ಬರೆಯುವುದು ಯಾರಿಗೂ ಸಲೀಸಾಗಿಲ್ಲ. ನಾನೂ ಆ ಮಳೆಯ ಬಗ್ಗೆ ಒಂದು ಕವಿತೆ ಬರೆದೆ. ಬರೆಯಲು ಕೂತಾಗ ಕೈಗೆ ಮೊದಲು ಬಂದದ್ದು 'ಪ್ರಕೃತಿಯ ಮುನಿಸು', 'ಮನುಷ್ಯನ ದುರಾಸೆ' ಇಂಥ ಮಾತುಗಳು. ಗೋಷ್ಠಿಗೆ ಅಂತ ಅದನ್ನು ತಿದ್ದಲು ಕೂತಾಗ ಒಂದು ಯೋಚನೆ ಬಂತು. ಎದುರಿಗೆ ಯಾರು ಕೂತಿರುತ್ತಾರೆ? ಮನೆ ಕಳೆದುಕೊಂಡವರೇ ಕೂತಿರುತ್ತಾರೆ ಅಲ್ವಾ? ಇದ್ದ ಒಂದು ತುಂಡು ಜಾಗದಲ್ಲಿ ಕಾಫಿ, ಕಾಳುಮೆಣಸು ಬೆಳೆದು ಬದುಕುತ್ತಿದ್ದವರ ಮುಖಕ್ಕೆ ದುರಾಸೆಯ ಪಾಠ ಓದಲು ನನಗೆ ಮನಸ್ಸು ಬರಲಿಲ್ಲ. ಆ ಭಾಗವನ್ನು ಪೂರ್ತಿ ತೆಗೆದೆ. ಕಂಡದ್ದು, ಕೇಳಿದ್ದು ಮಾತ್ರ ಇಟ್ಟುಕೊಂಡೆ. ಕೊನೆಗೆ ಉಳಿದ ಸಾಲುಗಳು ಇವು:

ಅಂಗಳದ ಅಡಿಕೆ ಮರ ನಿಂತ ಹಾಗೇ ನಡೆದು ಹೋಯಿತು
ಅದರ ಹಿಂದೆ ಅಂಗಳ ಹೋಯಿತು
ಹಾಕಿದ ಬೀಗ ಹಾಕಿದ ಹಾಗೇ ಬಾಗಿಲು ಹೊಳೆಗೆ ಇಳಿಯಿತು
ಬೀಗದ ಕೈ ಅಜ್ಜಿಯ ಸೆರಗಿನಲ್ಲಿ ಉಳಿಯಿತು

ಇದರಲ್ಲಿ ಕಷ್ಟದ ಶಬ್ದ ಒಂದೂ ಇಲ್ಲ. ಪ್ರತಿ ಸಾಲೂ ಅಲ್ಲಲ್ಲೇ ಮುಗಿಯುತ್ತದೆ. ಒಂದು ಸಾಲು ಕೇಳದೆ ಹೋದರೂ ಮುಂದಿನದು ಅರ್ಥವಾಗುತ್ತದೆ. ಪುಸ್ತಕಕ್ಕೆ ಬರೆಯುವಾಗ ನಾನು ಸಾಲನ್ನು ಮುರಿದು ಕೆಳಗಿನ ಸಾಲಿಗೆ ದಾಟಿಸುವುದುಂಟು. ಗೋಷ್ಠಿಯ ಕವಿತೆಯಲ್ಲಿ ಹಾಗೆ ಮಾಡುವುದಿಲ್ಲ. ಮೈಕಿನಲ್ಲಿ ಆ ಮುರಿತ ಕೇಳಿಸುವುದೇ ಇಲ್ಲ.

ಕವಿತೆ ಸಿದ್ಧವಾದ ಮೇಲೆ ಅತ್ತೆಗೆ ಓದಿ ಹೇಳುತ್ತೇನೆ. ಅವರು ಅಡಿಕೆ ಸುಲಿಯುತ್ತಾ ಕೂತಿರಬೇಕು, ನನ್ನ ಕಡೆ ನೋಡುತ್ತಿರಬಾರದು. ಕೆಲಸದ ನಡುವೆ ಕೇಳುವವರಿಗೆ ಹಿಡಿದರೆ ಸಭೆಗೂ ಹಿಡಿಯುತ್ತದೆ. "ಯಾರ ಮನೆ ಅದು?" ಅಂತ ಅವರು ಕೇಳಿದರೆ ಕವಿತೆಯಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಸುಮ್ನೆ "ಹ್ಞೂಂ" ಅಂದರೆ ಕವಿತೆ ಅವರನ್ನು ಮುಟ್ಟಿಲ್ಲ. ಕತ್ತಿ ನಿಲ್ಲಿಸಿ ತಲೆ ಎತ್ತಿದರೆ ಆ ಸಾಲಿನ ಕೆಳಗೆ ಗೆರೆ ಎಳೆದುಕೊಳ್ಳುತ್ತೇನೆ. ಬೀಗದ ಕೈಯ ಸಾಲಿಗೆ ಅವರು ತಲೆ ಎತ್ತಿದ್ದರು.

ಅಂಥ ಸಾಲನ್ನು ವೇದಿಕೆಯಲ್ಲಿ ಎರಡು ಸಲ ಓದುತ್ತೇನೆ. ಇದನ್ನು ಕಲಿತದ್ದು ದುಡಿಕೊಟ್ಟ್ ಪಾಟ್ ಕೇಳಿ. ಕೊಡವರ ಮದುವೆ, ಹಬ್ಬಗಳಲ್ಲಿ ನಾಲ್ವರು ದುಡಿ ಬಾರಿಸುತ್ತಾ ಹಾಡುತ್ತಾರೆ. ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ತಿರುಗಿ ಹಾಡುತ್ತಾರೆ. ಗದ್ದಲದ ನಡುವೆಯೂ ಮಾತು ಕಿವಿಗೆ ಸೇರುತ್ತದೆ. ಹಾಡುವವರಿಗೂ ಮುಂದಿನ ಸಾಲು ನೆನಪು ಮಾಡಿಕೊಳ್ಳಲು ಉಸಿರಾಡುವಷ್ಟು ಹೊತ್ತು ಸಿಗುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂದು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಮೊದಲು ಅವೆಲ್ಲ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಬಂದಂಥವು. ಪಂಜೆ ಮಂಗೇಶರಾಯರ ವಿಷಯವೂ ಹಾಗೇ. ಅವರು ದಕ್ಷಿಣ ಕನ್ನಡದವರು, ಕೆಲಸಕ್ಕಾಗಿ ಮಡಿಕೇರಿಗೆ ಬಂದವರು. ಅವರ 'ಹುತ್ತರಿ ಹಾಡು' ಇವತ್ತಿಗೂ ನಮ್ಮ ಶಾಲೆಯ ಮಕ್ಕಳ ಬಾಯಲ್ಲಿದೆ. ಅದು ಹಾಡಿಕೊಳ್ಳಲು ಬರುತ್ತದೆ, ಅದಕ್ಕೇ ಉಳಿದಿದೆ ಅಂತ ನನ್ನ ನಂಬಿಕೆ.

ಇನ್ನು ಹಾಳೆಯ ವಿಷಯ. ಇದು ಚಿಕ್ಕದು ಅನ್ನಿಸಬಹುದು, ಆದರೆ ಕೊಡಗಿನಲ್ಲಿ ಚಿಕ್ಕದಲ್ಲ. ದಸರಾ ಹೊತ್ತಿಗೂ ಇಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಗಾಳಿಯಲ್ಲೇ ಥಂಡಿ. ಬ್ಯಾಗಿನಲ್ಲಿಟ್ಟ ಹಾಳೆ ಮೆತ್ತಗಾಗಿ, ಹಿಡಿದರೆ ಬಾಗುತ್ತದೆ. ಕೆಲವು ಪ್ರಿಂಟರುಗಳ ಶಾಯಿ ಒಂದು ಹನಿ ಬಿದ್ದರೂ ಹರಡುತ್ತದೆ. ಹಾಗಾಗಿ ನಾನು ಬಾಲ್ ಪೆನ್ನಿನಲ್ಲಿ ದೊಡ್ಡ ಅಕ್ಷರದಲ್ಲಿ ಕೈಯಾರೆ ಬರೆದುಕೊಳ್ಳುತ್ತೇನೆ. ಒಂದು ಪುಟಕ್ಕಿಂತ ಜಾಸ್ತಿ ಆಗದಂತೆ ನೋಡಿಕೊಂಡು ತೆಳು ರಟ್ಟಿಗೆ ಅಂಟಿಸುತ್ತೇನೆ. ರಟ್ಟು ಕೈಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಮೈಕಿನ ಹತ್ತಿರ ಪರಪರ ಸದ್ದೂ ಇಲ್ಲ. ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೀಟು. ಎರಡು ಸಲ ಓದುವ ಸಾಲಿಗೆ ಎರಡು ಗೀಟು. ಮೊಬೈಲ್ ನೋಡಿ ಓದುವವರು ಈಗ ತುಂಬ ಜನ ಇದ್ದಾರೆ. ನನಗೆ ಅದು ಒಗ್ಗಲಿಲ್ಲ. ಬೆರಳು ತಾಗಿ ಸಾಲು ಸರಿದರೆ ಕಣ್ಣು ಕವಿತೆಯನ್ನು ಹುಡುಕುತ್ತಾ ಹೋಗುತ್ತದೆ, ದನಿ ಅಲ್ಲೇ ಬಿದ್ದುಹೋಗುತ್ತದೆ.

ವೇದಿಕೆಯಲ್ಲಿ ಪೀಠಿಕೆ ಹಾಕುವುದಿಲ್ಲ. ಹೆಸರು, ಊರು, ಕವಿತೆಯ ಹೆಸರು, ಅಷ್ಟೇ. ಸಿಗುವ ಕೆಲವೇ ನಿಮಿಷ ಕವಿತೆಗೇ ಸೇರಬೇಕು. ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಕೊಳ್ಳುತ್ತೇನೆ, ಇದಕ್ಕೆ ನಾಚಿಕೊಳ್ಳಬಾರದು. ಶೀಟಿನ ಮೇಲೆ ಮಳೆ ಜೋರಾಗಿ ಬಿದ್ದರೆ ಕೂಗಿ ಓದುವ ಬದಲು ನಿಧಾನ ಮಾಡುತ್ತೇನೆ. ಸಭೆಯೂ ಮಳೆಯ ನಡುವೆ ಕಿವಿ ಕೊಡಲು ಗೊತ್ತಿರುವವರದ್ದೇ. ನಮ್ಮೂರಿನವರಿಗೆ ಅದು ಹೊಸದಲ್ಲ.

ನನ್ನ ಸರದಿ ಮುಗಿದ ಮೇಲಿನ ಹೊತ್ತು ನನಗೆ ಓದಿದಷ್ಟೇ ಮುಖ್ಯ. ತಮ್ಮ ಕವಿತೆ ಓದಿ, ಪ್ರಮಾಣಪತ್ರ ತೆಗೆದುಕೊಂಡು ಹೊರಟುಬಿಡುವ ಕವಿಗಳನ್ನು ಎಲ್ಲ ಕಡೆ ನೋಡಿದ್ದೇನೆ. ದೂರದಿಂದ ಬಂದವರಿಗೆ ಬಸ್ಸಿನ ಚಿಂತೆ ಇರುತ್ತದೆ, ಅದು ನನಗೆ ಗೊತ್ತು. ಆದರೂ ಕೊನೆಯಲ್ಲಿ ಓದುವವರು ಖಾಲಿ ಕುರ್ಚಿಗಳಿಗೆ ಓದುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಕೊನೆಗೆ ಉಳಿಯುವವರು ಹೆಚ್ಚಾಗಿ ಕಾಲೇಜಿನ ಮಕ್ಕಳು, ಮೊದಲ ಸಲ ಬಂದವರು. ಹಾಗಾಗಿ ಬಸ್ಸಿನ ಹೊತ್ತು ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಮಡಿಕೇರಿಯಲ್ಲೇ ನೆಂಟರ ಮನೆಗೆ ಹೇಳಿಟ್ಟು, ಅಧ್ಯಕ್ಷರ ಮಾತು ಮುಗಿಯುವವರೆಗೂ ಕೂರುತ್ತೇನೆ. ಒಳ್ಳೆಯ ಅಧ್ಯಕ್ಷರು ಒಬ್ಬೊಬ್ಬರ ಕವಿತೆಯಿಂದ ಒಂದೊಂದು ಸಾಲು ಎತ್ತಿ ಮಾತಾಡುತ್ತಾರೆ. ಅದನ್ನು ಕೇಳದೆ ಹೋದರೆ ಬಂದದ್ದರಲ್ಲಿ ಅರ್ಧ ಕಳೆದುಕೊಂಡಂತೆ.

ಕೊಡವ ಭಾಷೆಯ ಕವಿತೆ ನನಗೆ ಮುಕ್ಕಾಲು ಪಾಲು ತಿಳಿಯುತ್ತದೆ. ಮಲಯಾಳಂ, ಬ್ಯಾರಿ ಅಷ್ಟು ತಿಳಿಯುವುದಿಲ್ಲ. ತಿಳಿಯದ ಕವಿತೆ ಓದುವಾಗ ನಾನು ಓದುವವರ ಮುಖ ನೋಡುತ್ತೇನೆ, ಯಾವ ಮಾತು ತಿರುಗಿ ತಿರುಗಿ ಬರುತ್ತದೆ ಅಂತ ಗಮನ ಇಡುತ್ತೇನೆ. ಸಭೆಯಲ್ಲಿ ಯಾರು ನಕ್ಕರು, ಯಾವ ಸಾಲಿಗೆ ನಕ್ಕರು ಅಂತ ನೋಡುತ್ತೇನೆ. ಪಕ್ಕದವರನ್ನು ಮೆಲ್ಲಗೆ ಕೇಳುತ್ತೇನೆ. ಪ್ರತಿ ಕವಿಯಿಂದ ಒಂದು ಸಾಲಾದರೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ, ಊಟಕ್ಕೆ ಸಾಲು ನಿಂತಾಗ ಅವರನ್ನೇ ಹುಡುಕಿ ಅರ್ಥ ಕೇಳುತ್ತೇನೆ. ಯಾರೂ ಬೇಸರ ಮಾಡಿಕೊಂಡದ್ದಿಲ್ಲ. ತಾವು ಓದಿದ ಸಾಲನ್ನು ಇನ್ನೊಬ್ಬರು ಬರೆದಿಟ್ಟುಕೊಂಡಿದ್ದಾರೆ ಅಂದರೆ ಯಾವ ಕವಿಗೆ ಖುಷಿ ಆಗುವುದಿಲ್ಲ ಹೇಳಿ.

2014ರ ಜನವರಿಯಲ್ಲಿ ನಾ. ಡಿಸೋಜರ ಅಧ್ಯಕ್ಷತೆಯಲ್ಲಿ 80ನೇ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲಿ ನಡೆದಾಗ ನಾನು ಬರೀ ಕೇಳಲು ಹೋಗಿದ್ದೆ. 1932ರಲ್ಲಿ ಡಿ.ವಿ.ಜಿ., 1981ರಲ್ಲಿ ಶಂಬಾ ಜೋಶಿ ಅಧ್ಯಕ್ಷರಾಗಿದ್ದ ಸಮ್ಮೇಳನಗಳೂ ಇದೇ ಊರಿನಲ್ಲಿ ಆಗಿದ್ದವು. ಅಷ್ಟು ದೊಡ್ಡ ಜನಸಾಗರದಲ್ಲಿ ಕವಿತೆಗೆ ಕಿವಿ ಕೊಡುವುದು ಕಷ್ಟ. ನನಗೆ ಚಿಕ್ಕ ಗೋಷ್ಠಿಯೇ ಇಷ್ಟ. ಅಲ್ಲಿ ಕೇಳಿದವರು ಬಂದು ಮಾತಾಡಿಸುತ್ತಾರೆ.

ಬೀಗದ ಕೈಯ ಕವಿತೆ ಓದಿದ ದಿನ ಹಾಗೇ ಆಯಿತು. ಚಹಾ ಕುಡಿಯುತ್ತಾ ನಿಂತಿದ್ದಾಗ ಮಕ್ಕಂದೂರು ಕಡೆಯ ಹೆಂಗಸೊಬ್ಬರು ಬಂದರು. "ಅಕ್ಕ, ನಮ್ಮ ಮನೆ ಬೀಗದ ಕೈ ನನ್ನ ಹತ್ತಿರ ಇದೆ. ಬಿಸಾಡಲು ಮನಸ್ಸು ಬರುವುದಿಲ್ಲ" ಅಂದರು. ಆ ಮನೆಯ ಕಥೆಯನ್ನು ನಾನು ಬರೆದಿರಲಿಲ್ಲ, ಅವರನ್ನು ಮೊದಲು ಕಂಡೂ ಇರಲಿಲ್ಲ. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಅಡುಗೆಮನೆ ಎಲ್ಲಿತ್ತು, ಹಟ್ಟಿ ಎಲ್ಲಿತ್ತು, ಬಾವಿಗೆ ಎಷ್ಟು ಮೆಟ್ಟಿಲು ಅಂತ ಅವರು ಹೇಳುತ್ತಾ ಹೋದರು. ಮಾತಿನ ಮಧ್ಯೆ ಇಬ್ಬರಿಗೂ ಅರೆಭಾಷೆಯೇ ಬಾಯಿಗೆ ಬಂತು.

ಅಲ್ಲಿಂದೀಚೆ ಅರೆಭಾಷೆಯಲ್ಲಿ ಬರೆಯಬೇಕೆಂಬ ಆಸೆ ಬಲವಾಗಿದೆ. 2011ರಲ್ಲಿ ಅರೆಭಾಷೆಗೆ ಅಕಾಡೆಮಿ ಆದ ಮೇಲೆ ಬರೆಯುವವರೂ ಹೆಚ್ಚಾಗಿದ್ದಾರೆ. ಮುಂದಿನ ದಸರಾಕ್ಕೆ ಕಳಿಸಲು ಒಂದು ಕವಿತೆ ಶುರು ಮಾಡಿದ್ದೇನೆ, ಕಾಳುಮೆಣಸು ಕೊಯ್ಯುವ ಏಣಿಯ ಬಗ್ಗೆ. ಇನ್ನೂ ಅರ್ಧದಲ್ಲಿದೆ. ಅತ್ತೆಗೆ ಓದಿ ಹೇಳಿದೆ. ಮನೆಮಾತಿನ ಕವಿತೆ ಅಂದರೆ ಅವರು ಒಂದು ಶಬ್ದವನ್ನೂ ಸುಮ್ನೆ ಬಿಡುವುದಿಲ್ಲ. ಮೂರನೆಯ ಸಾಲು ನಮ್ಮ ಕಡೆ ಯಾರೂ ಆಡುವ ಮಾತಲ್ಲ ಅಂದರು. ಈಗ ಅದನ್ನು ತಿದ್ದುತ್ತಿದ್ದೇನೆ.