ಕ್ಯಾಂಡಲ್ ತುಂಡು ಕಸಕ್ಕೆ ಹಾಕಿದ ಕಥೆ

ಬೆಳಗ್ಗೆ ಐದೂವರೆ ಗಂಟೆ. ಕೆರೆಯ ಮೇಲೆಲ್ಲ ಮಂಜು. ನಾನು ಪುಟ್ಟ ದೋಣಿಯೊಂದರಲ್ಲಿ ಮಂಡಿಯೂರಿ ಕೂತು, ನೀರಿನಲ್ಲಿ ತೇಲುತ್ತಿದ್ದ ಹಲಗೆ ತುಂಡುಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದೆ. ಅಂಗೈಗಿಂತ ಸ್ವಲ್ಪ ಅಗಲದ ಹಲಗೆ, ನಡುವೆ ಉರಿದು ಉಳಿದ ಕ್ಯಾಂಡಲ್. ಹಿಂದಿನ ರಾತ್ರಿ 140 ಹುಡುಗಿಯರು ತೇಲಿಬಿಟ್ಟ ದೀಪಗಳು ಅವು. ಬೆಳಗಾದ ಮೇಲೆ ಬರೀ ಕಸ ಅಂತ ನಾನು ಅಂದುಕೊಂಡಿದ್ದೆ.

ದಡಕ್ಕೆ ಬಂದು ಚಾಕುವಿನಿಂದ ಮೇಣ ಕೆರೆದೆ. ಕ್ಯಾಂಡಲ್ ತುಂಡುಗಳನ್ನೆಲ್ಲ ಕಪ್ಪು ಚೀಲಕ್ಕೆ ಸುರಿದು, ಅಡುಗೆಮನೆ ಹಿಂದಿನ ಡಬ್ಬಕ್ಕೆ ಹಾಕಿ, ಹಲಗೆ ತೊಳೆದು ಒಣಗಲು ಇಟ್ಟೆ. ಚೊಕ್ಕಟವಾಗಿ ಮಾಡಿದೆ ಅಂತ ನನಗೇ ಖುಷಿ. ಅಷ್ಟರಲ್ಲಿ ಹದಿನೈದು ವರ್ಷದ ಒಬ್ಬಳು ಪೈಜಾಮದಲ್ಲೇ ಓಡಿಬಂದು ಕೇಳಿದಳು: "ಡಬ್ಬಿ ಎಲ್ಲಿ?"

"ಯಾವ ಡಬ್ಬಿ?"

"ಕ್ಯಾಂಡಲ್ ಡಬ್ಬಿ. ತುಂಡು ಎತ್ತಿಡೋ ಡಬ್ಬಿ."

ನನ್ನ ಎದೆ ಧಸಕ್ಕೆಂದಿತು.

ಇದು 2018ರ ಆಗಸ್ಟ್. ಊರು ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ. ನಾನು ತೀರ್ಥಹಳ್ಳಿಯವಳು, ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಲ್ಲಿನ ಬೇಸಿಗೆ ಕ್ಯಾಂಪ್‌ಗಳಲ್ಲಿ ಕೆಲಸ ಮಾಡಲು ಹೊರದೇಶದವರನ್ನು ಜೆ-1 ವೀಸಾದಲ್ಲಿ ಕರೆಸಿಕೊಳ್ಳುತ್ತಾರೆ. ಹದಿನೆಂಟು ತುಂಬಿರಬೇಕು, ಹೆಚ್ಚೆಂದರೆ ನಾಲ್ಕು ತಿಂಗಳು ಇರಬಹುದು. ಕೆಲಸದ ಹೆಸರು ಕೌನ್ಸೆಲರ್. ಅಂದರೆ ಅರ್ಧ ಟೀಚರ್, ಅರ್ಧ ಹಾಸ್ಟೆಲ್ ವಾರ್ಡನ್, ಅರ್ಧ ಅಕ್ಕ. ಲೆಕ್ಕ ಒಂದೂವರೆ ಆಯಿತು, ಅಲ್ವಾ? ಕೆಲಸವೂ ಅಷ್ಟೇ ಇರುತ್ತದೆ. ಸಂಬಳ ಮಾತ್ರ ಕೇಳಬೇಡಿ.

ನಮ್ಮಲ್ಲಿ ಬೇಸಿಗೆ ಶಿಬಿರ ಅಂದರೆ ಹೆಚ್ಚಾಗಿ ಬೆಳಗ್ಗೆ ಬಿಟ್ಟು ಮಧ್ಯಾಹ್ನ ಕರೆದುಕೊಂಡು ಬರುವುದು. ಅಲ್ಲಿ ಎಂಟು ವರ್ಷದ ಮಗುವನ್ನು ಜೂನ್ ಕೊನೆಗೆ ಬಿಟ್ಟು ಹೋದರೆ ಕರೆದುಕೊಂಡು ಹೋಗುವುದು ಆಗಸ್ಟ್ ನಡುವಿಗೆ. ಏಳು ವಾರ. ಕಾಡಿನ ನಡುವೆ ಮರದ ಕ್ಯಾಬಿನ್, ಒಂದೊಂದರಲ್ಲಿ ಹತ್ತು ಹುಡುಗಿಯರು, ಮಂಚದ ಮೇಲೆ ಮಂಚ. ಎದುರಿಗೆ ಕೆರೆ. ಅವರು ಅದನ್ನು ಪಾಂಡ್ ಅನ್ನುತ್ತಾರೆ, ಅಂದರೆ ಕೊಳ. ಆ ಕೊಳದ ಆಚೆ ದಡದಲ್ಲಿ ನಿಂತ ಮನುಷ್ಯ ಕಾಣಿಸುವುದಿಲ್ಲ! ಫೋನ್ ಇಲ್ಲ. ಮನೆಗೆ ಕಾಗದ ಬರೆಯಬೇಕು. ಭಾನುವಾರದ ರಾತ್ರಿ ಊಟಕ್ಕೆ ಕಾಗದವೇ ಟಿಕೆಟ್. ಬರೆಯದೆ ಬಂದವಳನ್ನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸಿ ಪೆನ್ನು ಕೊಡುತ್ತಾರೆ. ಆ ಬೆಂಚಿನ ಮೇಲೆ ಹುಟ್ಟಿದ ಕಾಗದಗಳು ಎರಡೇ ಸಾಲಿನವು: ಚೆನ್ನಾಗಿದ್ದೇನೆ, ಚಾಕೊಲೇಟ್ ಕಳಿಸಿ.

ಅಲ್ಲಿಗೆ ಹೋದ ಮೊದಲ ವಾರವೇ ಒಂದು ಮಾತು ಕಿವಿಗೆ ಬೀಳಲು ಶುರುವಾಯಿತು. "ನಾವು ಯಾವಾಗಲೂ ಹೀಗೇ ಮಾಡೋದು." ಊಟಕ್ಕೆ ಮುಂಚೆ ಯಾವ ಹಾಡು, ಯಾವ ಮೇಜಿನವರು ಮೊದಲು ಏಳಬೇಕು, ಹೊಸಬಳ ದಿಂಬಿನ ಕೆಳಗೆ ದಾರದ ಕೈಪಟ್ಟಿ ಇಡುವವಳು ಯಾರು, ಎಲ್ಲಕ್ಕೂ ಕ್ರಮ ಇದೆ. ಹೇಳುವವರು ದೊಡ್ಡವರಲ್ಲ. ನಮ್ಮಂಥ ಕೌನ್ಸೆಲರ್‌ಗಳು ಒಂದು ಬೇಸಿಗೆ, ಹೆಚ್ಚೆಂದರೆ ಎರಡು ಬೇಸಿಗೆ ಬಂದು ಹೋಗುವವರು. ಹುಡುಗಿಯರು ಎಂಟನೇ ವರ್ಷಕ್ಕೆ ಬರಲು ಶುರು ಮಾಡಿದರೆ ಹದಿನೈದರವರೆಗೂ ಬರುತ್ತಾರೆ. ನಮ್ಮೂರಲ್ಲಿ ಹಬ್ಬದ ಕ್ರಮ ಗೊತ್ತಾಗದಿದ್ದರೆ ಅಜ್ಜಿಯನ್ನು ಕೇಳುತ್ತೇವೆ. ಅಲ್ಲಿ ಅಜ್ಜಿಗೆ ಹನ್ನೆರಡು ವರ್ಷ, ಹಲ್ಲಿಗೆ ಕ್ಲಿಪ್ ಹಾಕಿರುತ್ತಾಳೆ. ನಾನು ಮೊದಲ ವರ್ಷ ಈ ಅಜ್ಜಿಯರನ್ನು ಕೇಳಲಿಲ್ಲ. ಆಫೀಸಿನವರು ಕೊಟ್ಟ ಒಂದು ಪುಟದ ಪಟ್ಟಿ ಹಿಡಿದುಕೊಂಡು ಕೆಲಸ ಮಾಡಿದೆ. ಪಟ್ಟಿಯಲ್ಲಿ "ದೀಪದ ದೋಣಿ ವಾಪಸ್ ತರುವುದು, ಸ್ವಚ್ಛ ಮಾಡುವುದು" ಅಂತ ಇತ್ತು. ಮಾಡಿದೆ.

ಡಬ್ಬಿಯ ಕಥೆ ಏನೆಂದರೆ, ಕೊನೆಯ ರಾತ್ರಿ ಉರಿದ ಕ್ಯಾಂಡಲ್‌ಗಳಲ್ಲಿ ಕ್ಯಾಬಿನ್‌ಗೆ ಒಂದರಂತೆ ಹದಿನಾಲ್ಕು ತುಂಡು ಎತ್ತಿಡುತ್ತಾರೆ. ಮುಂದಿನ ಜೂನ್‌ನಲ್ಲಿ ಮೊದಲ ಕ್ಯಾಂಪ್‌ಫೈರ್ ಹೊತ್ತಿಸುವುದು ಅದೇ ತುಂಡುಗಳಿಂದ. ನಾನೂ ಅವಳೂ ಅಡುಗೆಮನೆ ಹಿಂದೆ ಹೋದೆವು. ರಕೂನ್ ಕಾಟಕ್ಕೆ ಕಸದ ಡಬ್ಬಕ್ಕೆ ಕೊಂಡಿ ಹಾಕಿರುತ್ತಾರೆ. ಬಿಚ್ಚಿ ನೋಡಿದರೆ ನನ್ನ ಚೀಲ ಒಡೆದು, ಅದರ ಮೇಲೆ ಮೊಟ್ಟೆ ಚಿಪ್ಪು, ಕಾಫಿ ಚರಟ. ಇಬ್ಬರೂ ತೋಳು ಮಡಚಿ ಕೈ ಹಾಕಿದೆವು. ನಾನು ಸಿಕ್ಕಿದ್ದನ್ನೆಲ್ಲ ಎತ್ತುತ್ತಿದ್ದರೆ, ಅವಳು ಬತ್ತಿ ನೆಟ್ಟಗಿರುವುದನ್ನು ಮಾತ್ರ ಆರಿಸಿ ಪೈಜಾಮಕ್ಕೆ ಒರೆಸಿ ಪಕ್ಕಕ್ಕಿಟ್ಟಳು. ಆಮೇಲೆ ಆಫೀಸಿನಿಂದ ಡಬ್ಬಿ ತಂದಳು. ನೀಲಿ ಬಣ್ಣದ ದುಂಡನೆಯ ಬಿಸ್ಕತ್ತಿನ ಡಬ್ಬಿ. ನಮ್ಮಮ್ಮ ಸೂಜಿ ದಾರ ಇಟ್ಟುಕೊಂಡಿರುವಂಥದ್ದೇ. "ಯಾರಿಗೂ ಹೇಳಲ್ಲ ಬಿಡು" ಅಂದಳು. ಹೇಳಲಿಲ್ಲ ಅಂತ ಕಾಣುತ್ತದೆ, ಯಾಕೆಂದರೆ 2019ಕ್ಕೆ ನನ್ನನ್ನೇ ಕೊನೆಯ ರಾತ್ರಿಯ ಉಸ್ತುವಾರಿಗೆ ಹಾಕಿದರು.

(ಅಂದಹಾಗೆ, ಅವರೆಲ್ಲ ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಎಂಟು ವರ್ಷದವಳೂ ಸಹ. ಇಂಗ್ಲಿಷಿನಲ್ಲಿ ನೀನು ನೀವು ಎರಡೂ ಒಂದೇ ಆದ್ದರಿಂದ ನನ್ನ ಕಿವಿಗೆ ಎಲ್ಲವೂ "ನೀನು" ಅಂತಲೇ ಕೇಳುತ್ತಿತ್ತು. "ಮಿಸ್, ಮಿಸ್" ಅಭ್ಯಾಸವಾದವಳಿಗೆ ಮೊದಲ ವಾರ ಸ್ವಲ್ಪ ಕಸಿವಿಸಿ.)

ಈ ಸಲ ನೋಟ್‌ಬುಕ್ ಹಿಡಿದು ಹೋದೆ. ಹಳೆಯ ಹುಡುಗಿಯರಲ್ಲಿ ಮೂವರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. ಒಟ್ಟಿಗೆ ಕೇಳಿದರೆ ಜೋರು ಮಾಡುವವಳದ್ದೇ ಸಂಪ್ರದಾಯ ಆಗಿಬಿಡುತ್ತದೆ. ಮೊದಲ ದೀಪ ಯಾರು ಹಚ್ಚಬೇಕು? ಒಬ್ಬಳು ಎಲ್ಲರಿಗಿಂತ ಚಿಕ್ಕವಳು ಅಂದಳು. ಇನ್ನೊಬ್ಬಳು ಆ ವರ್ಷ ಹೊಸದಾಗಿ ಬಂದವಳು ಅಂದಳು. ಮೂರನೆಯವಳು, ಅದೆಲ್ಲ ಇಲ್ಲ, ಮೊದಲಿಂದಲೂ ನಮ್ಮ ಕ್ಯಾಬಿನ್‌ನವರೇ ಅಂದಳು! ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ ಚಿಕ್ಕವಳಿಗೇ ಕೊಟ್ಟೆ. ಎಂಟು ವರ್ಷದವಳು ದೀಪ ಹಿಡಿದರೆ ಯಾರೂ ತಕರಾರು ಮಾಡುವುದಿಲ್ಲ.

ದೀಪದ ದೋಣಿ ಮಾಡುವ ಕೆಲಸ ಮಾತ್ರ ಕೇಳಿದರೆ ಬರುವುದಿಲ್ಲ, ಕೈಯಲ್ಲೇ ಕಲಿಯಬೇಕು. ಪೈನ್ ಮರದ ಅರ್ಧ ಇಂಚು ದಪ್ಪದ ಹಲಗೆ, ಐದಿಂಚು ಚೌಕ. ನಡುವೆ ಡ್ರಿಲ್‌ನಲ್ಲಿ ಕಾಲಿಂಚು ಆಳದ ಕುಳಿ. ಮೊದಲ ಪ್ರಯೋಗಕ್ಕೆ ನಾಲ್ಕಿಂಚಿನ ಕ್ಯಾಂಡಲ್ ನಿಲ್ಲಿಸಿ ಹತ್ತು ದೋಣಿ ಬಿಟ್ಟೆ, ಆರು ಮಗುಚಿದವು. ತಲೆ ಭಾರ. ಒಂದೂವರೆ ಇಂಚಿಗೆ ಕತ್ತರಿಸಿದ ಮೇಲೆ ಸರಿಹೋಯಿತು. ಕುಳಿಗೆ ಎರಡು ಹನಿ ಬಿಸಿ ಮೇಣ ಬಿಟ್ಟು, ಆರುವ ಮೊದಲೇ ಕ್ಯಾಂಡಲ್ ಒತ್ತಿ ಹತ್ತು ಎಣಿಸಬೇಕು. ಆರಿದ ಮೇಲೆ ಒತ್ತಿದರೆ ಅರ್ಧ ದಾರಿಯಲ್ಲಿ ವಾಲುತ್ತದೆ. ಅಲ್ಯೂಮಿನಿಯಂ ಬಟ್ಟಲಿನ ರೆಡಿಮೇಡ್ ಕ್ಯಾಂಡಲ್ ಸುಲಭ, ಆದರೆ ಬಟ್ಟಲು ಬಿದ್ದರೆ ಕೆರೆಯ ತಳದಲ್ಲೇ ಉಳಿಯುತ್ತದೆ. ಬೇಡ ಅಂದೆ. ಸ್ಯಾಂಡ್‌ಪೇಪರ್ ಹಾಕಿ ಹಲಗೆ ಉಜ್ಜುವ ಕೆಲಸ ಹುಡುಗಿಯರದ್ದು. ಅಂಚಿಗೆ ಬರ್ಚ್ ಮರದ ಬಿಳಿ ತೊಗಟೆ ಅಂಟಿಸುವುದು ಅವರಿಗೆ ಇಷ್ಟ. ಒಬ್ಬಳು ನಿಂತ ಮರದಿಂದಲೇ ಸುಲಿಯಲು ಹೋದಳು. ಹಾಗೆ ಸುಲಿದ ಜಾಗ ಕಪ್ಪು ಪಟ್ಟಿಯಾಗಿ ಉಳಿದುಬಿಡುತ್ತದೆ, ಎಷ್ಟೋ ಸಲ ಮರಕ್ಕೇ ಪೆಟ್ಟು. ಸೌದೆ ರಾಶಿಯಲ್ಲಿ ಬೇಕಾದಷ್ಟು ಇತ್ತು, ಅಲ್ಲಿಂದ ತೆಗೆಸಿದೆ.

ಸಂಪ್ರದಾಯ ಎಲ್ಲವನ್ನೂ ಹಾಗೇ ಉಳಿಸಿಕೊಳ್ಳಬೇಕಾ ಅನ್ನುವುದು ಬೇರೆ ಪ್ರಶ್ನೆ. ಊಟದ ಹಾಲ್ ಗೋಡೆಯ ಹಳೆಯ ಫೋಟೋಗಳಲ್ಲಿ ಬಿಳಿಯ ಹುಡುಗಿಯರು ತಲೆಗೆ ಗರಿ ಕಟ್ಟಿ, ಹಣೆಗೆ ಪಟ್ಟಿ ಹಾಕಿ ಬೆಂಕಿಯ ಸುತ್ತ ಕೂತಿದ್ದರು. ಇದಕ್ಕೆ ಹಳೆಯ ಬೇರಿದೆ. ಇದೇ ಮೇಯ್ನ್‌ನ ಸೆಬಾಗೋ ಕೆರೆಯ ದಂಡೆಯಲ್ಲಿ ಗುಲಿಕ್ ದಂಪತಿ 1910ರಲ್ಲಿ ಕ್ಯಾಂಪ್ ಫೈರ್ ಗರ್ಲ್ಸ್ ಅನ್ನುವ ಸಂಘ ಶುರು ಮಾಡಿದರು. ಮೂಲನಿವಾಸಿಗಳ ರೀತಿಯ ಹೆಸರು, ಬಟ್ಟೆ, ಬೆಂಕಿಯ ಸುತ್ತ ಸಭೆ, ಎಲ್ಲ ಆ ಸಂಘದ ಪದ್ಧತಿಯಲ್ಲಿತ್ತು. ಆ ಚಾಳಿ ಎಷ್ಟೋ ಕ್ಯಾಂಪ್‌ಗಳಲ್ಲಿ ದಶಕಗಟ್ಟಲೆ ನಡೆಯಿತು. ಆ ನೆಲದ ನಿಜವಾದ ಜನ, ಪೆನಾಬ್‌ಸ್ಕಾಟ್, ಪಸಮಕ್ವಾಡಿ, ಮಲಿಸೀಟ್, ಮಿಕ್ಮಾಕ್ ಸಮುದಾಯದವರು, ಈಗಲೂ ಅಲ್ಲೇ ಇದ್ದಾರೆ. ಅವರ ವೇಷ ಹಾಕಿ ಆಡುವುದು ಅವರಿಗೆ ಹೇಗೆ ಕಂಡೀತು? ಆ 2019ರಲ್ಲೇ ಮೇಯ್ನ್ ಸರ್ಕಾರ, ಸರ್ಕಾರಿ ಶಾಲೆಗಳು ಮೂಲನಿವಾಸಿಗಳ ಹೆಸರು ಚಿತ್ರಗಳನ್ನು ತಂಡದ ಗುರುತಾಗಿ ಬಳಸಬಾರದು ಎಂದು ಕಾನೂನು ಮಾಡಿತು. ನಮ್ಮ ಕ್ಯಾಂಪ್ ಅದಕ್ಕೂ ಮೊದಲೇ ಗರಿ ಬಿಟ್ಟಿತ್ತು. ತಂಡಗಳ ಹೆಸರನ್ನೂ ಪೈನ್, ಬರ್ಚ್ ಅಂತ ಬದಲಿಸಿತ್ತು.

ಹಾಡುಗಳಲ್ಲಿ ಮಾತ್ರ ಹಳೆಯ ಪದ ಉಳಿದಿದ್ದವು. ಒಂದು ಸಂಜೆ ಬೆಂಕಿಯ ಹತ್ತಿರ ಒಬ್ಬ ಪುಟ್ಟ ಹುಡುಗಿ ನನ್ನನ್ನೇ ಕೇಳಿದಳು, "ನೀನು ಇಂಡಿಯನ್ ಅಲ್ವಾ? ಈ ಹಾಡು ನಿಮ್ಮದಾ?" ನಕ್ಕುಬಿಟ್ಟೆ. ಆಮೇಲೆ ಕೊಲಂಬಸ್ ದಾರಿ ತಪ್ಪಿದ ಕಥೆಯಿಂದ ಶುರು ಮಾಡಿ ಅರ್ಧ ಗಂಟೆ ಹೇಳಬೇಕಾಯಿತು. ಆ ವಾರವೇ ದೊಡ್ಡ ಹುಡುಗಿಯರು ಕೂತು ಎರಡು ಸಾಲು ಬದಲಿಸಿದರು. ಮಕ್ಕಳಿಗೆ ಹೊಸ ಸಾಲು ಮೂರು ದಿನದಲ್ಲಿ ಬಾಯಿಗೆ ಬಂತು. ಒಂದು ದಿನದ ಭೇಟಿಗೆ ಬಂದಿದ್ದ ಹಳೆಯ ವಿದ್ಯಾರ್ಥಿನಿಯರು, ಅರವತ್ತು ದಾಟಿದವರು, ಹಳೆಯದನ್ನೇ ಜೋರಾಗಿ ಹಾಡಿದರು. ಬೇಸರ ಅವರ ಮುಖದಲ್ಲೇ ಕಾಣುತ್ತಿತ್ತು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಹಾಗಂತ ಹಳೆಯ ಸಾಲು ಬೇಕು ಅಂತಲೂ ಅನ್ನಿಸಲಿಲ್ಲ.

ಬೆಂಕಿ ಅಂದ ಮೇಲೆ ಸ್ಮೋರ್ಸ್ ಬಗ್ಗೆ ಹೇಳದಿದ್ದರೆ ಹೇಗೆ? ಮಾರ್ಷ್‌ಮ್ಯಾಲೊ ಅನ್ನುವ ಮೆತ್ತನೆಯ ಮಿಠಾಯಿಯನ್ನು ಕಡ್ಡಿಗೆ ಚುಚ್ಚಿ ಸುಟ್ಟು, ಚಾಕೊಲೇಟ್ ಜೊತೆ ಎರಡು ಬಿಸ್ಕತ್ತಿನ ನಡುವೆ ಒತ್ತಿ ತಿನ್ನುವುದು. ಗರ್ಲ್ ಸ್ಕೌಟ್‌ಗಳ 1927ರ ಕೈಪಿಡಿಯಲ್ಲೇ ಇದರ ವಿಧಾನ ಅಚ್ಚಾಗಿದೆ. ನಾನು ಮೂರು ತಿಂದ ಮೇಲೆ ಯಾರೋ ಅದರಲ್ಲಿ ಜೆಲಾಟಿನ್ ಇದೆ ಅಂದರು. ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆಯುವುದು. ನಾನು ಸಸ್ಯಾಹಾರಿ! ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಆಮೇಲೆ ಬಾಳೆಹಣ್ಣನ್ನು ಸಿಪ್ಪೆ ಸಮೇತ ಸೀಳಿ, ಒಳಗೆ ಚಾಕೊಲೇಟ್ ತುರುಕಿ, ಫಾಯಿಲ್ ಸುತ್ತಿ ಕೆಂಡದಲ್ಲಿ ಹುಗಿಯುವುದನ್ನು ಕಲಿತೆ. ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ಬೆಳೆದವಳಿಗೆ ಇದೇನು ಕಷ್ಟ?

ಆ ವರ್ಷದ ಕೊನೆಯ ರಾತ್ರಿಗೆ ಬರುತ್ತೇನೆ. ಸಂಜೆಯಿಡೀ ಗಾಳಿ ನಮ್ಮ ದಡದ ಕಡೆಗೇ ಬೀಸುತ್ತಿತ್ತು. ಹೀಗೆ ಬಿಟ್ಟರೆ ದೋಣಿಗಳು ತಿರುಗಿ ಕಾಲಿಗೇ ಬರುತ್ತವೆ. ಕಾಯಿಸಿದೆ. ಸೂರ್ಯ ಮುಳುಗಿದ ಮೇಲೆ ಗಾಳಿ ಬಿತ್ತು. ಎರಡು ದೊಡ್ಡ ದೋಣಿಗಳಲ್ಲಿ ನಾಲ್ಕು ಜನ ಲೈಫ್ ಜಾಕೆಟ್ ಹಾಕಿಕೊಂಡು ಆಚೆ ನಿಂತರು, ಜೊಂಡಿನ ಕಡೆ ದೀಪ ಹೋಗದಂತೆ ನೋಡಿಕೊಳ್ಳಲು. ದಡದಲ್ಲಿ ಬಕೆಟ್‌ಗಳಲ್ಲಿ ನೀರು. ಚಿಕ್ಕವಳು ಹಳೆಯ ತುಂಡಿನಿಂದ ಮೊದಲ ದೀಪ ಹಚ್ಚಿದಳು. ಅವಳ ಕೈ ನಡುಗುತ್ತಿತ್ತು, ಬತ್ತಿ ಮೂರನೇ ಸಲಕ್ಕೆ ಹಿಡಿಯಿತು. ಅದರಿಂದ ಪಕ್ಕದವಳು, ಅವಳಿಂದ ಇನ್ನೊಬ್ಬಳು.

ನಮ್ಮ ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆಗೆ ತುಂಗೆಯಲ್ಲಿ ತೆಪ್ಪೋತ್ಸವ ಆಗುತ್ತದೆ. ಅಲ್ಲಿ ಜನ, ಪಟಾಕಿ, ಮೈಕ್, ಕಳೆದುಹೋದ ಮಗುವಿನ ಅನೌನ್ಸ್‌ಮೆಂಟ್. ನೀರಿನ ಮೇಲೆ ದೀಪ ಅಂದರೆ ನನಗೆ ಗದ್ದಲವೇ ನೆನಪು. ಇಲ್ಲಿ 140 ಹುಡುಗಿಯರು ಪಿಟ್ಟೆನ್ನದೆ ನಿಂತಿದ್ದರು. ದೂರದಲ್ಲಿ ಲೂನ್ ಹಕ್ಕಿ ಒಂದು ಸಲ ಕೂಗಿತು, ಮನುಷ್ಯರು ಅತ್ತ ಹಾಗೆ. ಆಮೇಲೆ ಬ್ಯೂಗಲ್‌ನಲ್ಲಿ ಟ್ಯಾಪ್ಸ್. 1862ರಲ್ಲಿ ಅಂತರ್ಯುದ್ಧದ ಸೈನಿಕರಿಗೆ ದೀಪ ಆರಿಸಲು ಹೇಳುತ್ತಿದ್ದ ರಾಗ, 24 ಸ್ವರ, ಅಷ್ಟೇ. ಜೂನ್‌ನಲ್ಲಿ ಅಮ್ಮ ಬೇಕು ಅಂತ ನನ್ನ ಮಡಿಲಲ್ಲಿ ಅತ್ತಿದ್ದವಳು ಈಗ ಬೆಳಗಾದರೆ ಅಮ್ಮ ಬರುತ್ತಾಳೆ ಅಂತ ಅಳುತ್ತಿದ್ದಳು.

ಬೆಳಗ್ಗೆ ಎಣಿಸಿದೆ. 137. ಉಳಿದ ಮೂರು ಜೊಂಡಿನಲ್ಲಿ ಸಿಕ್ಕವು. ಹದಿನಾಲ್ಕು ತುಂಡು ಡಬ್ಬಿಗೆ ಹೋದವು, ನೋಟ್‌ಬುಕ್ ಡಬ್ಬಿಯ ಕೆಳಗೆ.

ಇನ್ನೊಂದು ವಿಷಯ ಉಳಿಯಿತು. ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ ಎಲ್ಲರೂ ಮಂಚದ ಮೇಲೇ ಇರಬೇಕು. ಗಲಾಟೆ ಮಾಡುವಂತಿಲ್ಲ. ಮೊದಲ ವರ್ಷ ಬೇಜಾರಾಗಿ ಅಡುಗೆಮನೆಯಿಂದ ಮೊಟ್ಟೆಯ ರಟ್ಟು ತಂದು ಅಳಗುಳಿ ಮಣೆ ಮಾಡಿದೆ. ರಟ್ಟಿನಲ್ಲಿ ಹನ್ನೆರಡೇ ಗುಳಿ, ನಮಗೆ ಹದಿನಾಲ್ಕು ಬೇಕು. ಇನ್ನೊಂದು ರಟ್ಟಿನಿಂದ ಎರಡು ಕತ್ತರಿಸಿ ಅಂಟಿಸಿದೆ. ಹುಣಸೆ ಬೀಜದ ಬದಲು ರಾಜ್ಮಾ ಕಾಳು. ಹುಡುಗಿಯರು ನೋಡಿ "ಓ, ಮಂಕಾಲಾ! ಆದರೆ ನೀನು ತಪ್ಪಾಗಿ ಆಡುತ್ತಿದ್ದೀಯ" ಅಂದರು. ಅವರ ಆಟಕ್ಕೆ ಒಂದೊಂದು ಕಡೆ ಆರೇ ಗುಳಿ. ಇದು ನಮ್ಮೂರ ಆಟ ಅಂತ ಜಗಳವಾಡಿ ಕಲಿಸಿದೆ. 2019ರಲ್ಲಿ ಹೋದರೆ ನನ್ನ ಕ್ಯಾಬಿನ್‌ನಲ್ಲಿ ಆಗಲೇ ಮೂರು ರಟ್ಟು ತಯಾರು. ಹೊಸ ಹುಡುಗಿಯೊಬ್ಬಳಿಗೆ ಹತ್ತು ವರ್ಷದವಳು ಹೇಳುತ್ತಿದ್ದಳು: "ನಾವು ಯಾವಾಗಲೂ ರೆಸ್ಟ್ ಅವರ್‌ನಲ್ಲಿ ಇದನ್ನೇ ಆಡೋದು."

2020ರಲ್ಲಿ ಕೊರೋನಾ ಬಂತು. ಜೂನ್‌ನಲ್ಲಿ ಅಮೆರಿಕ ಈ ವೀಸಾವನ್ನೇ ತಡೆಹಿಡಿಯಿತು. ನಮ್ಮ ಕ್ಯಾಂಪ್ ಕೂಡ ಆ ವರ್ಷ ಬಾಗಿಲು ತೆಗೆಯಲಿಲ್ಲ. ಆಮೇಲೆ ನಾನು ಹೋಗಲಿಲ್ಲ, ಮದುವೆಯಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಒಂದು ಕಾಗದ ಬಂತು. ಲಕೋಟೆಯ ಮೂಲೆಯಲ್ಲಿ ಮೇಣದ ಕಲೆ. ಒಳಗೆ ಎರಡೇ ಸಾಲು, ಭಾನುವಾರದ ಬೆಂಚಿನ ಮೇಲೆ ಬರೆದದ್ದೇ ಇರಬೇಕು. "ಒಂದೊಂದು ಗುಳಿಗೆ ನಾಲ್ಕು ಕಾಳಾ, ಐದು ಕಾಳಾ? ಇಲ್ಲಿ ದೊಡ್ಡ ಜಗಳ ಆಗಿದೆ, ಬೇಗ ಹೇಳು."

ನಮ್ಮ ಮನೆಯಲ್ಲಿ ನಾಲ್ಕು. ಅತ್ತೆ ಮನೆಯಲ್ಲಿ ಐದು ಅನ್ನುತ್ತಾರೆ. ಎರಡನ್ನೂ ಬರೆದು ಪೋಸ್ಟ್ ಮಾಡಿದೆ.